ಕಾಕು ಸಹಲಿಗೆ ಬಂದ ಐತವಾರ

ನೋಡಲು ಏನೂ ಇಲ್ಲದ ಕಡೆಗೆ ಜನರನ್ನು ಕರೆದುಕೊಂಡು ಹೋಗಿ, ಬಹಳ ನೋಡಿ ಬಂದೆವೆಂದು ಅವರ ಬಾಯಿಂದಲೇ ಹೇಳಿಸುವ ಮಹಾನುಭಾವರು ಈ ಭೂಮಿಯ ಮೇಲೆ ಇಬ್ಬರೋ ಮೂವರೋ ಇರಬಹುದು. ಅವರಲ್ಲಿ ನಮ್ಮ ಕಾಕಾ ಒಬ್ಬರು. ಉಳಿದವರು ರಾಜಕಾರಣದಲ್ಲಿದ್ದಾರೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟಾವೆಲ್ ನೇಯುವ ಕಾರಖಾನೆಯೊಂದರಲ್ಲಿ ಜೀವಮಾನ ಸವೆಸಿದವರು. ಪವರ್‌ಲೂಮುಗಳ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಅವರ ಗಂಟಲಿಗೆ ಒಂದೇ ಒಂದು ಸ್ಥಾಯಿ ಉಳಿದಿದೆ. ಊಟಕ್ಕೆ ಕುಳಿತು ಉಪ್ಪು ಕೇಳಿದರೂ ಸಾಕು, ಓಣಿಯವರು ಎಲ್ಲಿಯೋ ಬೆಂಕಿ ಬಿದ್ದಿದೆಯೆಂದು ಕೊಡ ಹಿಡಿದು ಹೊರಬರುತ್ತಾರೆ. ನಿವೃತ್ತಿಯಾದ ಮೇಲೆ ಇಂಥ ಗಂಟಲನ್ನು ಇಟ್ಟುಕೊಂಡು ಮನುಷ್ಯ ಏನು ಮಾಡಬೇಕು, ನೀವೇ ಹೇಳಿ? ಕಾಕಾ ಗೈಡ್ ಆದರು.

ಪ್ರತಿ ಭಾನುವಾರ, ಅಂದರೆ ನಮ್ಮ ಐತವಾರ, ಅವರ ‘ಸಹಲ್’ ಹೊರಡುತ್ತದೆ. ಸಹಲ್ ಎಂದರೆ ಒಂದು ದಿನದ ಪ್ರವಾಸ. ನಾವು ಮರಾಠಿಯವರಿಂದ ಕೈಗಡ ತಂದು ಹಿಂದಿರುಗಿಸದೆ ಉಳಿಸಿಕೊಂಡ ಹಲವು ಶಬ್ದಗಳಲ್ಲಿ ಇದೂ ಒಂದು. ಒಂದು ಬಾಡಿಗೆ ಜೀಪು, ಅದರಲ್ಲಿ ನೆರೆಯವರ ನೆಂಟರು, ನೆಂಟರ ನೆರೆಯವರು, ಮೂಲೆಯಲ್ಲಿ ನಾನು. ಜೀಪಿನಲ್ಲಿ ಸೀಟು ಖಾಲಿ ಇರುವುದು ಅಪಶಕುನವೆಂದು ಕಾಕಾ ನಂಬಿರುವುದರಿಂದ, ಆ ಅಪಶಕುನದ ಜಾಗದಲ್ಲಿ ನನ್ನನ್ನು ಕೂರಿಸುತ್ತಾರೆ. ಕಾಲೇಜೊಂದರ ಕಚೇರಿಯಲ್ಲಿ ಗುಮಾಸ್ತನಾಗಿರುವ ನನಗೆ ಖಾಲಿ ಕುರ್ಚಿ ತುಂಬುವುದು ಹೊಸ ಕೆಲಸವೇನಲ್ಲ.

ಸಹಲಿನ ಮೊದಲ ರಮಣೀಯ ಸ್ಥಳ ಯಾವುದೆಂದುಕೊಂಡಿರಿ? ಕಾಕಾ ಅವರ ಕಾರಖಾನೆಯ ಗೇಟು! ಐತವಾರವಾದ್ದರಿಂದ ಅದು ಮುಚ್ಚಿರುತ್ತದೆ. ಮುಚ್ಚಿದ ಆ ಕಬ್ಬಿಣದ ಗೇಟಿನ ಮುಂದೆ ಜನ ಭಕ್ತಿಯಿಂದ ಇಳಿದು, ಅದರ ಎತ್ತರ ಅಗಲಗಳ ವರ್ಣನೆ ಕೇಳಿ, ಫೋಟೋ ತೆಗೆಸಿಕೊಂಡು ಮತ್ತೆ ಜೀಪು ಹತ್ತುತ್ತಾರೆ. ಕಾಕಾ ತೋರಿಸಿದ್ದೆಲ್ಲವೂ ‘ಏಷ್ಯಾ ಖಂಡದಲ್ಲಿ ಎರಡನೆಯದು’. ಗೇಟು ಎರಡನೆಯದು, ದಾರಿಯ ಬೇವಿನ ಮರ ಎರಡನೆಯದು, ಒಮ್ಮೆ ರಸ್ತೆಗೆ ಅಡ್ಡ ಬಂದ ಎಮ್ಮೆಯೂ ಎರಡನೆಯದು. ಒಂದನೆಯದು ಎಂದರೆ ಜನ ವಾದಕ್ಕೆ ಬರುತ್ತಾರೆ. ಎರಡನೆಯದು ಎಂದರೆ ಪಾಪ, ಪ್ರಾಮಾಣಿಕ ಮನುಷ್ಯ ಎಂದು ಸುಮ್ಮನಾಗುತ್ತಾರೆ. ಇದು ಅವರೇ ನನಗೆ ಗುಟ್ಟಾಗಿ ಹೇಳಿದ್ದು. ಗುಟ್ಟು ಅಂದಿನ ಮಟ್ಟಿಗೆ ಮೂರು ಓಣಿಗಳಿಗೆ ಮಾತ್ರ ಕೇಳಿಸಿತು.

ಈ ವ್ಯಾಖ್ಯಾನವೆಲ್ಲ ನಡೆಯುವುದು ಮರಾಠಿಯಲ್ಲಿ. ಇಲ್ಲಿ ಸೊಲ್ಲಾಪುರದ ಕನ್ನಡಿಗನ ಕುಲಾಚಾರವನ್ನು ಕೊಂಚ ವಿವರಿಸಬೇಕು. ಅವನು ಮನೆಯಲ್ಲಿ ಕನ್ನಡದಲ್ಲಿ ಜಗಳವಾಡಿ, ಕನ್ನಡದಲ್ಲಿ ಉಂಡು, ಹೊಸ್ತಿಲು ದಾಟಿದ ಕೂಡಲೇ ಅಪರಿಚಿತನೊಡನೆ ಮರಾಠಿಯಲ್ಲಿ ಮಾತಿಗಿಳಿಯುತ್ತಾನೆ. ಎದುರಿನವನೂ ಅದೇ ಕುಲಾಚಾರದವನು. ಅವನೂ ಮರಾಠಿಯಲ್ಲೇ ಉತ್ತರ ಕೊಡುತ್ತಾನೆ. ಇಬ್ಬರೂ ಬೆವರೊರೆಸಿಕೊಂಡು ಮನೆಗೆ ಹೋಗಿ, “ಇವತ್ತ ಒಬ್ಬ ಮರಾಠಿ ಮನಷ್ಯಾ ಭೆಟ್ಟಿ ಆಗಿದ್ದ, ಭಾಳ ಛಲೋ ಮನಷ್ಯಾ” ಎಂದು ಹೆಂಡತಿಗೆ ಕನ್ನಡದಲ್ಲಿ ವರದಿ ಒಪ್ಪಿಸುತ್ತಾರೆ. ಇದರಲ್ಲಿ ಮರಾಠಿಯ ತಪ್ಪೇನೂ ಇಲ್ಲ. ಆ ಭಾಷೆ ನಮ್ಮಿಂದ ಪಡುವ ಕಷ್ಟ ಅದಕ್ಕೇ ಗೊತ್ತು.

ಹೀಗೆ ನಿರ್ವಿಘ್ನವಾಗಿ ನಡೆದಿದ್ದ ಸಹಲಿಗೆ ಈ ಚಳಿಗಾಲದಲ್ಲಿ ಗಂಡಾಂತರ ಬಂತು. ಅದು ಬಂದದ್ದು ಅಡುಗೆಮನೆಯಿಂದ. ಕಾಕಾ ಅವರ ಹೆಂಡತಿ, ನಮ್ಮ ಕಾಕು, ಒಂದು ಸಂಜೆ ನನ್ನೆದುರೇ ಮಾತು ತೆಗೆದರು.

“ಪ್ರತಿ ಐತವಾರ ನಸುಕಿನಾಗ ಎದ್ದು ನಿಮ್ಮ ಮಂದಿಗಿ ರೊಟ್ಟಿ ಬಡದು ಬಡದು ನನ್ನ ಅಂಗೈ ತಗಡ ಆಗ್ಯಾವ. ಅಂಥಾದ್ದ ಏನ ತೋರಸ್ತೀರಿ ಅಲ್ಲಿ? ಈ ಸಲ ನಾನೂ ಬರ್ತೀನಿ.”

“ನೀ ಬಂದು ಏನ್ ಮಾಡ್ತಿ?”

“ನೋಡ್ತೀನಿ. ಮನಸಿಗಿ ಬಂದ್ರ ಇನ್ನ ಮುಂದೂ ರೊಟ್ಟಿ ಮಾಡಿ ಕೊಡ್ತೀನಿ. ಬರಲಿಲ್ಲಂದ್ರ ನಿಮ್ಮ ಸಹಲ್ ಬಂದ್.”

“ಯಾರ ಬಂದ್ ಮಾಡವ್ರು?”

“ರೊಟ್ಟಿ ಮಾಡವ್ರು.”

ಇದಕ್ಕೆ ಮೇಲ್ಮನವಿ ಇರಲಿಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿಗಳನ್ನು ತೆಗೆದರೆ ಸಹಲಿನಲ್ಲಿ ಉಳಿಯುವುದು ಕಾಕಾ ಅವರ ಭಾಷಣ ಮಾತ್ರ. ಅದನ್ನೊಂದೇ ಕೇಳಲು ಜೀಪು ಹತ್ತುವ ಧೀರರು ನಮ್ಮ ಜಿಲ್ಲೆಯಲ್ಲಿಲ್ಲ. ಕಾಕಾ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು.

“ಗಾಡ್ಯಾಗ ಕನ್ನಡ ಮಾತಾಡಬ್ಯಾಡ. ಪ್ಯಾಸೆಂಜರ್ ಎಲ್ಲಾ ಮರಾಠಿ ಮಂದಿ. ಗೈಡ ಹಳ್ಳ್ಯಾಂವ ಅದಾನ ಅಂತಾರ, ಇಜ್ಜತ್ ಹೋಗ್ತೈತಿ.”

“ನನಗ ಮರಾಠಿ ಮಾತಾಡಾಕ ಬರೂದಿಲ್ಲಲ್ರಿ?”

“ಅದಕ್ಕ, ಬಾಯೇ ತೆರೀಬ್ಯಾಡ.”

ಹೀಗೆ ಆ ಐತವಾರ ಕಾಕು ಇರಕಲ್ ಸೀರೆಯುಟ್ಟು, ತುಟಿ ಬಿಗಿದು, ಪರೀಕ್ಷಕರ ಗಾಂಭೀರ್ಯದಿಂದ ಜೀಪಿನ ಕಿಟಕಿಯ ಪಕ್ಕ ಕುಳಿತರು. ಆ ದಿನದ ಪ್ರಯಾಣಿಕರು: ಕಿವಿಗೆ ಮಫ್ಲರ್ ಸುತ್ತಿಕೊಂಡ ನಿವೃತ್ತ ಗೃಹಸ್ಥರು, ಅವರ ಹೆಂಡತಿ, ಹೊಸದಾಗಿ ಮದುವೆಯಾದ ಒಂದು ಜೋಡಿ, ಒಬ್ಬಂಟಿಯಾಗಿ ಬಂದಿದ್ದ ಒಬ್ಬ ಅಜ್ಜಿ. ಮಫ್ಲರಿನವರು ನನ್ನ ಊರು, ಉದ್ಯೋಗ ವಿಚಾರಿಸಿದರು. ಅವರ ಮರಾಠಿ ಕುಂಟುತ್ತಿತ್ತು, ನನ್ನದು ತೆವಳುತ್ತಿತ್ತು. ಅಜ್ಜಿ ಎಲ್ಲದಕ್ಕೂ “ಹೋ” ಎಂಬ ಒಂದೇ ಮರಾಠಿ ಶಬ್ದದಿಂದ ಸಂಸಾರ ತೂಗಿಸುತ್ತಿದ್ದರು. ಹೊಸ ಜೋಡಿ ಮಾತ್ರ ಕಿವಿಗೆ ಬಾಯಿಟ್ಟು ಪಿಸುಗುಡುತ್ತಿತ್ತು. ಹೊಸ ಪ್ರೇಮ, ಪಿಸುಗುಡಲಿ ಎಂದು ನಾವೆಲ್ಲ ಉದಾರವಾಗಿ ಆಚೆ ನೋಡಿದೆವು.

ಗೇಟು ಬಂತು. ಕಾಕಾ ವರ್ಣಿಸಿದರು. ಕಾಕು ಗೇಟನ್ನು ನೋಡಿದರು, ಗಂಡನನ್ನು ನೋಡಿದರು, ಎಡ ಹುಬ್ಬನ್ನು ಸ್ವಲ್ಪ ಮೇಲೆತ್ತಿದರು. ಅಷ್ಟೇ. ಕಾಕಾ ಅವರ ಧ್ವನಿ ಒಂದು ಮೆಟ್ಟಿಲು ಇಳಿಯಿತು. ಇದು ಸಾಮಾನ್ಯ ಸಾಧನೆಯಲ್ಲ. ಕಾರಖಾನೆಯ ಮಾಲೀಕರಿಗೂ ಆಗದ ಕೆಲಸ.

ಅಕ್ಕಲಕೋಟದ ಗುಡಿಯ ಮುಂದೆ ಐತವಾರದ ಜನಜಾತ್ರೆ. ತಮ್ಮ ತಂಡ ಚದುರಬಾರದೆಂದು ಕಾಕಾ ಒಂದು ಕೋಲಿಗೆ ಹೊಸ ಟಾವೆಲ್ ಕಟ್ಟಿ ಬಾವುಟದಂತೆ ಎತ್ತಿ ಹಿಡಿದು ಮುನ್ನಡೆದರು. ಮೂಗಿನ ನೇರಕ್ಕೆ ನಡೆಯುವ ಮನುಷ್ಯನನ್ನು ಕಂಡರೆ ಹಿಂದೆ ಜನ ಸೇರುವುದು ನಮ್ಮ ದೇಶದ ಪದ್ಧತಿ. ದರ್ಶನ ಮುಗಿಸಿ ಜೀಪಿನ ಹತ್ತಿರ ಬಂದು ನೋಡಿದರೆ ಹೊಸ ಜೋಡಿ ನಾಪತ್ತೆ, ಬದಲಿಗೆ ಯಾವುದೋ ಊರಿನ ಗಂಡಹೆಂಡತಿ ಪ್ರಸಾದದ ಪೊಟ್ಟಣ ಹಿಡಿದು ಸೀಟಿನಲ್ಲಿ ಕುಳಿತುಬಿಟ್ಟಿದ್ದಾರೆ! ಟಾವೆಲ್ ಹಿಡಿದವರು ಅನ್ನಛತ್ರಕ್ಕೆ ದಾರಿ ತೋರಿಸುವವರೆಂದು ಅವರು ನಂಬಿದ್ದರಂತೆ. ಅವರನ್ನು ಇಳಿಸಲು ಕಾಲು ಗಂಟೆ, ಕಬ್ಬಿನ ಹಾಲಿನ ಅಂಗಡಿಯಲ್ಲಿ ಒಂದೇ ಗ್ಲಾಸಿನೆದುರು ಕುಳಿತಿದ್ದ ನಮ್ಮ ಜೋಡಿಯನ್ನು ಎಬ್ಬಿಸಿ ತರಲು ಅರ್ಧ ಗಂಟೆ ಹಿಡಿಯಿತು. ಕಾಕು ಈ ಸಲ ಎರಡೂ ಹುಬ್ಬು ಎತ್ತಿದರು.

“ಹ್ಯಾಂಗೈತಿ?” ಎಂದು ಕಾಕಾ ನನ್ನನ್ನು ಜೀಪಿನಿಂದ ದೂರ ಎಳೆದೊಯ್ದು ಕೇಳಿದರು.

“ಇನ್ನ ಎತ್ತಾಕ ಹುಬ್ಬ ಉಳದಿಲ್ಲ ಕಾಕಾ,” ಎಂದೆ.

ಮಧ್ಯಾಹ್ನ ನಾಗಣಸೂರದ ಪರಿಚಯದವರ ಹೊಲಕ್ಕೆ ಬಂದೆವು. ಅಲ್ಲಿ ಸೀತನಿಯ ವ್ಯವಸ್ಥೆ. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿ ಅಂಗೈಯಲ್ಲಿ ತಿಕ್ಕಿ ಕಾಳು ಉದುರಿಸಿ ತಿನ್ನುವ ಸೀತನಿಗೆ ಪೇಟೆಯ ಜನ ಮರಾಠಿಯಲ್ಲಿ ಹುರಡಾ ಎಂದು ಹೆಸರಿಟ್ಟು, ಅದನ್ನು ತಿನ್ನಲು ಜೀಪು ಮಾಡಿಕೊಂಡು ಬರುತ್ತಾರೆ. ಕಾಕಾ ಕೆಂಡದ ಪಕ್ಕ ನಿಂತು, ಏಷ್ಯಾ ಖಂಡದಲ್ಲಿ ಈ ಜೋಳದ ಸ್ಥಾನವೇನೆಂದು ಉಚ್ಚ ಮರಾಠಿಯಲ್ಲಿ ಸಾರುತ್ತಿದ್ದರು. ಮಫ್ಲರಿನವರಿಗೆ ಸ್ಥಾನ ತಿಳಿಯುವಷ್ಟು ತಾಳ್ಮೆಯಿರಲಿಲ್ಲ. ಒಂದು ಮುಷ್ಟಿ ಕಾಳನ್ನು ಹಾಗೆಯೇ ಬಾಯಿಗೆ ಎಸೆದುಕೊಂಡರು.

“ಅಯ್ಯಯ್ಯಯ್ಯೋ! ನಾಲಗಿ ಸುಟ್ಟಿತಲ್ಲೋ ಯಪ್ಪಾ!”

“ಊದಿಕೊಂಡ ತಿನ್ನಾಕ ಏನಾಗಿತ್ತರಿ? ಎಲ್ಲಾದ್ರಾಗೂ ಗಡಬಡಿ ನಿಮ್ದು!” ಎಂದು ಅವರ ಹೆಂಡತಿ ಗದರಿದವರೇ ಬಾಯಿಗೆ ಕೈ ಅಡ್ಡ ಹಿಡಿದರು.

ಅಜ್ಜಿ ಕೈಯಲ್ಲಿದ್ದ ತೆನೆ ಕೆಳಗಿಟ್ಟರು.

“ಯವ್ವಾ, ನೀವ ಕನ್ನಡದಾವ್ರೇನ? ಮುಂಜಾನಿಂದ ಹೋ ಹೋ ಅಂದು ನನ್ನ ದವಡಿ ಹಿಡಕೊಂಡೈತಲ್ಲವಾ!”

“ನಾವೂ ಕನ್ನಡದಾವ್ರೇ ರಿ,” ಎಂದ ಹೊಸ ಗಂಡ ನಾಚಿಕೊಂಡು.

“ನೀವೆಲ್ಲಾ ಮರಾಠಿ ಮಂದಿ ಅಂತ ನಾವು ಕಿವ್ಯಾಗ ಮಾತಾಡಿದಿವ್ರಿ,” ಎಂದಳು ಹೊಸ ಹೆಂಡತಿ. ಅಲ್ಲಿಗೆ ನಾವು ಉದಾರವಾಗಿ ಆಚೆ ನೋಡಿದ ಪುಣ್ಯವೂ ವ್ಯರ್ಥವಾಯಿತು.

ಆಮೇಲಿನ ಗದ್ದಲವನ್ನು ಏನು ಹೇಳಲಿ! ಕಟ್ಟೆಯೊಡೆದಂತೆ ಎಲ್ಲರೂ ಒಟ್ಟಿಗೆ ಮಾತಾಡಿದರು. ಕೆಂಡ ಆರುವುದರೊಳಗೆ ಅಜ್ಜಿ ಮಫ್ಲರಿನವರ ಹೆಂಡತಿಗೆ ದೂರದ ಸಂಬಂಧದಲ್ಲಿ ಚಿಗವ್ವ ಆಗಬೇಕೆಂದು ಸಾಬೀತಾಯಿತು. ಜೀಪಿನ ಡ್ರೈವರ್ ಒಬ್ಬನೇ ನಿರ್ವಿಕಾರವಾಗಿ ಸೀತನಿ ತಿನ್ನುತ್ತಿದ್ದ.

“ನನಗ ಮುಂಜಾನೇ ತಿಳಿದಿತ್ರಿ,” ಎಂದ. “ಗಾಡಿ ಇಳದಾಗ ಒಬ್ಬೊಬ್ರೇ ಬಾಜೂಕ ಹೋಗಿ ಫೋನಿನಾಗ ಮನಿಯವ್ರ ಜೋಡಿ ಕನ್ನಡಾನೇ ಮಾತಾಡಾಕತ್ತಿದ್ರಿ.”

“ಮತ್ತ ಯಾಕ ಹೇಳಲಿಲ್ಲೋ?” ಕಾಕಾ ಗುಡುಗಿದರು.

“ಎಲ್ಲಾರೂ ಅಷ್ಟ ತ್ರಾಸ ತಗೊಂಡು ಮರಾಠಿ ಮಾತಾಡಾಕತ್ತೀರಿ, ನಾ ಯಾಕ ನಡುವ ಬಾಯಿ ಹಾಕ್ಲಿ ಅಂದೆನ್ರಿ.”

ಆಗ ಕಾಕು ಅಂದು ಮೊದಲ ಬಾರಿಗೆ ಬಾಯಿ ತೆರೆದರು. “ಎಲ್ಲಾ ನಮ್ಮ ಮಂದಿನೇ ಅದಾರ. ಮತ್ತ ನನ್ನ ಬಾಯಿ ಯಾಕ ಹೊಲದಿದ್ರಿ?”

ಕಾಕಾ ಆಕಾಶ ನೋಡಿದರು. ಅಲ್ಲಿ ತೋರಿಸುವಂಥದ್ದು ಏನೂ ಇರಲಿಲ್ಲ.

“ಗೈಡ ಸಾಹೇಬ್ರ,” ಎಂದರು ಅಜ್ಜಿ, “ನೀವು ಮುಂಜಾನಿಂದ ಹೇಳಿದ್ದು ನನಗ ಒಂದೂ ತಿಳದಿಲ್ಲ. ಮುಂದಿಂದರ ಕನ್ನಡದಾಗ ಹೇಳ್ರಿ.”

ಮುಂದಿನದು ಎಂದರೆ ಉಳಿದದ್ದು ಒಂದೇ: ಕುರನೂರ ಹತ್ತಿರ ಬೋರಿ ನದಿಗೆ ಕಟ್ಟಿದ ಡ್ಯಾಮು. ದಾರಿಯುದ್ದಕ್ಕೂ ಜೀಪಿನಲ್ಲಿ ನಗೆ, ಹರಟೆ. ಕಾಕಾ ಮಾತ್ರ ಡ್ರೈವರ್ ಪಕ್ಕ ಪರೀಕ್ಷೆಗೆ ಹೊರಟ ಹುಡುಗನಂತೆ ತುಟಿ ಅಲ್ಲಾಡಿಸುತ್ತ ಕುಳಿತಿದ್ದರು. ಅವರ ಸಂಕಟ ನನಗೆ ತಿಳಿಯುತ್ತಿತ್ತು. ಉತ್ಪ್ರೇಕ್ಷೆಗಳೆಲ್ಲ ಮರಾಠಿಯಲ್ಲಿ ಬಾಯಿಪಾಠವಾಗಿದ್ದವು. ಕನ್ನಡದಲ್ಲಿ ಅವರು ಮನೆಯವರೊಡನೆ ಮಾತ್ರ ಮಾತಾಡಿದವರು; ಮನೆಯವರೊಡನೆ ಸುಳ್ಳು ಹೇಳಿ ಗೆದ್ದ ಅಭ್ಯಾಸ ಅವರಿಗಿರಲಿಲ್ಲ. ಇನ್ನು ತೀರ್ಪಿಗೆ ಉಳಿದದ್ದು ಇದೊಂದೇ ಸ್ಥಳ. ಇಲ್ಲಿ ಸೋತರೆ ಸಹಲ್ ಮುಗಿಯಿತು.

ಏರಿಯ ಮೇಲೆ ಹತ್ತಿ ನಿಂತೆವು. ಇಳಿಬಿಸಿಲು. ಕಣ್ಣು ಹಾಯುವಷ್ಟು ದೂರ ನೀರು. ಕಾಕಾ ಮುಂದೆ ಬಂದು, ಗಂಟಲು ಸರಿಪಡಿಸಿಕೊಂಡು, ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೊಮ್ಮೆ ತೆರೆದರು.

“ಇದು... ಡ್ಯಾಮ್,” ಎಂದರು. ಬಹಳ ಹೊತ್ತು ಯೋಚಿಸಿ, “ಇದ್ರಾಗ... ನೀರ ಅದಾವ.”

ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಾಕು ನಗಲಿಲ್ಲ.

“ಇಷ್ಟ ಹೇಳಾಕ ಪ್ರತಿ ಐತವಾರ ಬರ್ತೀರೇನ? ಮತ್ತ ನನಗ ಯಾಕ ಒಂದ ದಿನಾನೂ ಕರೀಲಿಲ್ಲ?”

“ಕರದಿದ್ದೆ,” ಎಂದರು ಕಾಕಾ.

“ಯಾವಾಗ?”

“ಮೊದಲನೇ ಸಲ. ಕೆಲಸ ಬಿಟ್ಟ ಮ್ಯಾಲ ನಾ ಒಬ್ಬನೇ ಎಸ್.ಟಿ. ಬಸ್ ಹತ್ತಿ ಇಲ್ಲಿಗಿ ಬಂದು ಹೋಗಿದ್ದೆ. ಇಷ್ಟ ನೀರ ನೋಡಿ, ಇದನ್ನ ಇಕಿಗಿ ತೋರಸಬೇಕು ಅನಸ್ತು. ಐತವಾರ ಜೀಪ್ ತಂದು ಬಾಗಲಾಗ ನಿಂದರಿಸಿ ‘ಬರ್ತಿಯೇನ’ ಅಂದೆ. ‘ಒಲಿ ಮ್ಯಾಲ ಬ್ಯಾಳಿ ಐತಿ’ ಅಂದಿ.”

“ಎಲ್ಲಿಗಿ ಅಂತ ಹೇಳಿದ್ರೇನ?”

“ನೀ ಕೇಳಿದೇನ?”

ಕಾಕಾ ನೀರಿನ ಕಡೆ ನೋಡುತ್ತಲೇ ಮಾತು ಮುಂದುವರಿಸಿದರು. “ಜೀಪ್ ಬಂದಿತ್ತು. ಬಾಜೂ ಮನಿಯವ್ರು ‘ನಾವ ಬರಬೇಕೇನ್ರಿ’ ಅಂದ್ರು, ಕುಂತ್ರು. ಮುಂದಿನ ಐತವಾರ ಕರೀಬೇಕಂದ್ರ, ನೀನೇ ಮುಂಜಾನಿ ಎದ್ದು ಅಷ್ಟೂ ಮಂದಿಗಿ ರೊಟ್ಟಿ ಕಟ್ಟಿ ಇಟ್ಟಿದ್ದಿ. ಇಕಿಗಿ ಬರೂ ಮನಸ್ಸ ಇಲ್ಲ ಅಂತ ತಿಳಕೊಂಡೆ.”

“ನಿಮಗ ಮಂದಿ ಬೇಕು, ನಾ ಬ್ಯಾಡ ಅಂತ ನಾ ತಿಳಕೊಂಡೆ,” ಎಂದರು ಕಾಕು.

ಗಾಳಿಗೆ ನೀರು ಏರಿಯ ಕಲ್ಲುಗಳಿಗೆ ಸಣ್ಣಗೆ ಬಡಿಯುತ್ತಿತ್ತು. ಕಾಕು ಸೆರಗನ್ನು ಬಿಗಿಯಾಗಿ ಹೊದ್ದು ನೀರನ್ನು ನೋಡುತ್ತ ನಿಂತರು. ಒಂದು ಮನೆಯನ್ನು ಕೊಳ್ಳುವ ಮುನ್ನ ನೋಡುವಂತೆ, ಈ ದಂಡೆಯಿಂದ ಆ ದಂಡೆಯವರೆಗೆ ಸಾವಕಾಶವಾಗಿ. ಕೊನೆಗೆ ತೀರ್ಪು ಬಂತು.

“ಬರೂ ಐತವಾರದಿಂದ ಸಹಲ್ ಬಂದ್.”

ಕಾಕಾ ತಲೆ ತಗ್ಗಿಸಿದರು. ಮುಪ್ಪು ಅವರ ಮೈಮೇಲೆ ಕಾಣಿಸಿದ್ದು ನನಗೆ ಅದೇ ಮೊದಲು.

“ಮಂದಿ ಸಹಲ್ ಬಂದ್,” ಎಂದರು ಕಾಕು. “ನಾವಿಬ್ಬರೇ ಬರೂಣು.”

ಕಾಕಾ ತಿರುಗಿ ನಮ್ಮತ್ತ ನೋಡಿದರು, ಇವರೆಲ್ಲ ಯಾರು, ಇಲ್ಲಿಗೆ ಯಾಕೆ ಬಂದಿದ್ದಾರೆ ಎಂದು ತಿಳಿಯದವರಂತೆ. ಎಲ್ಲರಿಗಿಂತ ಮೊದಲು ಅಜ್ಜಿಗೆ ಅರ್ಥವಾಯಿತು. “ನಡೀರಿ, ಗಾಡ್ಯಾಗ ಕುಂದ್ರೂಣು” ಎಂದು ನಮ್ಮನ್ನು ಕುರಿಗಳಂತೆ ಅಟ್ಟಿಕೊಂಡು ಏರಿಯಿಳಿದರು.

ಜೀಪಿನಲ್ಲಿ ಕುಳಿತು ಕಾದೆವು. ಬಿಸಿಲು ಏರಿಯ ಬುಡದಿಂದ ಸರಿದು ಅದರ ತುದಿ ಹತ್ತಿತು. ಏರಿಯ ಮೇಲೆ ಆ ಇಬ್ಬರೂ ಅಲುಗಲಿಲ್ಲ. ಡ್ರೈವರ್ ಹೊತ್ತಾಯಿತೆಂದು ಹಾರ್ನಿನ ಮೇಲೆ ಕೈಯಿಟ್ಟ. ಅಜ್ಜಿ ಹಿಂದಿನ ಸೀಟಿನಿಂದ ಬಗ್ಗಿ, ಆ ಕೈಯನ್ನು ಎತ್ತಿ ಅವನ ತೊಡೆಯ ಮೇಲಿಟ್ಟರು.