ಕೆಂಪು ಬಲಗೈಗೆ, ಹಳದಿ ಎಡಗೈಗೆ

ಮನೆಮನೆಗೆ ಹೋಗಿ ಇಸಿಜಿ ತೆಗೆಯುವವನಿಗೆ ವಾರಕ್ಕೊಂದಾದರೂ ಫಜೀತಿ ಆಗಲಿಲ್ಲ ಅಂದರೆ, ಅವನು ಗೇಟಿನ ಹತ್ತಿರ ನಾಯಿ ನೋಡಿ ವಾಪಸ್ ಬಂದಿದಾನೆ ಅಂತಲೇ ಅರ್ಥ. ಒಳಗೆ ಹೋದವನಿಗೆ ಫಜೀತಿ ತಪ್ಪಿದ್ದಲ್ಲ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಆಮೇಲೆ ಲಾರಿ ಕ್ಲೀನರ್ ಆದೆ, ಶಾಮಿಯಾನ ಕಟ್ಟಿದೆ, ಹುಬ್ಬಳ್ಳಿಯ ಐಸ್ ಫ್ಯಾಕ್ಟರಿಯಲ್ಲಿ ಒಂದು ಬೇಸಿಗೆ, ಕಾರವಾರದ ಬೋಟಿನಲ್ಲಿ ಒಂದು ಮಳೆಗಾಲ, ಕೊನೆಗೆ ಜಯನಗರ, ಬನಶಂಕರಿ ಕಡೆ ಟೀವಿ ಕೇಬಲ್ ಎಳೆದೆ. ಎಲ್ಲೂ ಎರಡು ವರ್ಷ ನಿಂತ ಕಾಲಲ್ಲ ಇದು. ಯಾರೂ ನನ್ನನ್ನ ಕೆಲಸದಿಂದ ತೆಗೆದಿಲ್ಲ. ಅವರಿಗೆ ಆ ಯೋಚನೆ ಬರೋದರೊಳಗೆ ನಾನೇ ಊರು ಬಿಟ್ಟಿರುತ್ತಿದ್ದೆ.

ಜಯನಗರದ ಒಂದು ಚಿಕ್ಕ ಕ್ಲಿನಿಕ್ಕಿನ ಡಾಕ್ಟರ್ ಮೇಡಂ ನನ್ನನ್ನ ಸೇರಿಸಿಕೊಂಡಿದ್ದು ಎರಡೇ ಕಾರಣಕ್ಕೆ: ಸ್ಕೂಟರ್ ಇತ್ತು, ಕೇಬಲ್ ಪುಣ್ಯದಿಂದ ಎಲ್ಲ ಕ್ರಾಸು ಗೊತ್ತಿತ್ತು. ಅಲ್ಲಿನ ಸಿಸ್ಟರ್ ಮೂರು ತಿಂಗಳು ತಲೆ ಮೇಲೆ ಕುಟ್ಟಿ ಕಲಿಸಿದರು. ಕೆಂಪು ತಂತಿ ಬಲಗೈಗೆ, ಹಳದಿ ಎಡಗೈಗೆ, ಹಸಿರು ಎಡಗಾಲಿಗೆ, ಕಪ್ಪು ಬಲಗಾಲಿಗೆ, ಎದೆ ಮೇಲೆ ಜೆಲ್ಲಿ ಹಚ್ಚಿ, ಒತ್ತಿ ಬಿಟ್ಟರೆ ಅಂಟಿಕೊಳ್ಳುವ ಆರು ರಬ್ಬರ್ ಬುರುಡೆ. ಗುಂಡಿಗೆಯ ಕರೆಂಟು ಚರ್ಮದ ತನಕ ಬರುತ್ತೆ, ಮೆಷಿನ್ ಅದನ್ನ ಕಾಗದದ ಮೇಲೆ ಗೆರೆಯಾಗಿ ಎಳೆಯುತ್ತೆ, ನಾನು ಫೋಟೋ ತೆಗೆದು ಮೇಡಂಗೆ ಕಳಿಸಬೇಕು. ಓದೋದು ಅವರು. ನಾನು ಬಾಯಿ ಬಿಡಬಾರದು.

ಆದರೆ ಮೇಡಂ ಫೋನಿನಲ್ಲಿ "ಏನೂ ತೊಂದರೆ ಇಲ್ಲ" ಅಂದ ಕೂಡಲೇ ಇಡೀ ಮನೆ ಒಟ್ಟಿಗೆ ಉಸಿರು ಬಿಡುತ್ತಲ್ಲ, ಆ ಸದ್ದಿಗೆ ನಾನು ಬಿದ್ದುಹೋದೆ. ನಲವತ್ನಾಲ್ಕು ವರ್ಷಕ್ಕೆ ಮೊದಲನೇ ಸಲ, ಈ ಕೆಲಸ ಎಲ್ಲಿ ಹೋಗಿಬಿಡುತ್ತೋ ಅಂತ ಭಯ ಶುರುವಾಯಿತು. ಮೇಡಂ ಸೇರಿಸಿಕೊಂಡ ದಿನವೇ ಹೇಳಿದ್ದರು: "ಮೂರು ಕಂಪ್ಲೇಂಟ್ ಅಷ್ಟೇ. ಮೂರನೇದು ಬಂದ ದಿನ ಮೆಷಿನ್ ಟೇಬಲ್ ಮೇಲಿಟ್ಟು ಹೋಗ್ತಾ ಇರು."

ಕೆಂಪು ಗೆರೆ

ಯಡಿಯೂರು ಕೆರೆ ಹತ್ತಿರ ಒಬ್ಬರು ರಿಟೈರ್ಡ್ ಹೆಡ್‌ಮಾಸ್ಟರು. ಬೆಳಗ್ಗೆ ವಾಕಿಂಗ್ ಹೋದವರಿಗೆ ಎದೆ ಹಿಡಿದಂಗಾಗಿ ವಾಪಸ್ ಬಂದಿದ್ದರು. ನಾನು ಹೋದಾಗ ಮಂಚದ ಸುತ್ತ ಹೆಂಡತಿ, ಮಗ, ಸೊಸೆ, ಕೆಳಗಿನ ಮನೆಯ ಬಾಡಿಗೆಯವರು. ಎಲ್ಲರ ಕಣ್ಣೂ ನನ್ನ ಮುಖದ ಮೇಲೆ. ಮುಖ ಗೋಡೆ ಥರ ಇಟ್ಕೋಬೇಕು ಅಂತ ಸಿಸ್ಟರ್ ಹೇಳಿಕೊಟ್ಟಿದ್ದರು, ಇಟ್ಟುಕೊಂಡಿದ್ದೆ.

ಕಾಗದ ಬರತೊಡಗಿತು. ಅರ್ಧಕ್ಕೆ ಅಂಚಿನುದ್ದಕ್ಕೂ ಕೆಂಪು ಪಟ್ಟೆ ಕಾಣಿಸಿಕೊಂಡಿತು. ರೋಲ್ ಖಾಲಿಯಾಗುತ್ತಿದೆ, ಬದಲಾಯಿಸಿ ಅಂತ ಕಂಪನಿಯವರು ಮೊದಲೇ ಬಳಿದಿರುವ ಗುರುತು ಅದು. ಇನ್ನೊಂದು ರೋಲು ಕ್ಲಿನಿಕ್ಕಿನಲ್ಲೇ ಮರೆತಿದ್ದೆ. ನನ್ನ ಗೋಡೆ ಅಲ್ಲೇ ಕುಸಿಯಿತು.

"ಅಯ್ಯೋ, ಕೆಂಪು ಬಂತು!" ಅಂದರು ಹೆಂಡತಿ.

"ಕೆಂಪು ಅಂದ್ರೆ ಡೇಂಜರ್ ಅಲ್ವಾ ಸಾರ್?" ಅಂದ ಮಗ. ಸೊಸೆ ಆಗಲೇ ಆಂಬುಲೆನ್ಸಿಗೆ ಅಡ್ರೆಸ್ ಹೇಳುತ್ತಿದ್ದಳು. ಬಾಡಿಗೆಯವರು ದೇವರ ಮನೆಯಿಂದ ತೀರ್ಥದ ಬಟ್ಟಲನ್ನೇ ತಂದು ಹೆಡ್‌ಮಾಸ್ಟರ ಬಾಯಿಗೆ ಹಿಡಿದಿದ್ದರು.

"ಏನೂ ಆಗಿಲ್ಲ, ಕಾಗದದ ರೋಲ್ ಖಾಲಿ ಆಗ್ತಿದೆ, ಅದರ ಗುರುತು ಅದು!" ಅಂತ ನಾನು ಮೂರು ಸಲ ಕೂಗಿದ ಮೇಲೆ ಮನೆ ತಣ್ಣಗಾಯಿತು. ಹೆಡ್‌ಮಾಸ್ಟರು ಮಾತ್ರ ಬಾಯಿಗೆ ಬಂದ ಬಟ್ಟಲು ಸರಿಸಿ, ತಂತಿಗಳ ಸಮೇತ ಮೊಣಕೈ ಊರಿ ಎದ್ದರು.

"ಅಡಿಷನಲ್ ಶೀಟ್ ಇಟ್ಕೊಳ್ದೆ ಎಕ್ಸಾಮಿಗೆ ಬಂದುಬಿಟ್ರಾ? ಎಷ್ಟನೇ ಕ್ಲಾಸು ಓದಿರೋದು?"

"ಏಳು ಸಾರ್."

"ಫೇಲಾ?"

"ಇಲ್ಲ ಸಾರ್, ಓಡಿಹೋದೆ."

"ಹಾಗಾದ್ರೆ ಅದನ್ನೇ ಇನ್ನೊಂದ್ಸಲ ಮಾಡಿ. ಓಡಿಹೋಗಿ ಕಾಗದ ತಗೊಂಡು ಬನ್ನಿ."

ಓಡಿಹೋಗಿ ತಗೊಂಡು ಬಂದೆ. ಅವರ ಗುಂಡಿಗೆಗೆ ಏನೂ ಆಗಿರಲಿಲ್ಲ. ಆದರೂ ಮಗ ಕ್ಲಿನಿಕ್ಕಿಗೆ ಫೋನ್ ಮಾಡಿ ಬೈದ. ಮೇಡಂ ನನ್ನ ಕಡೆ ಒಂದೇ ಬೆರಳು ಎತ್ತಿ ತೋರಿಸಿದರು. ಒಂದು.

ಅಜ್ಜಿಯ ಪೂಜೆ

ಅವತ್ತಿಂದ ಸ್ಕೂಟರ್ ಡಿಕ್ಕಿಯಲ್ಲಿ ನಾಲ್ಕು ರೋಲು. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಹಾರ್ಡ್‌ವೇರ್ ಅಂಗಡಿಯವರ ಮನೆ. ಮೂಲ ದಾವಣಗೆರೆ ಕಡೆಯವರು. ಅವರ ತಾಯಿಗೆ ತಲೆ ಸುತ್ತು ಬಂದು ಕೂತುಬಿಟ್ಟಿದ್ದರಂತೆ. ಎಂಬತ್ತರ ಹತ್ತಿರದ ಅಜ್ಜಿ. ಕೈಕಾಲಿಗೆ ತಂತಿ ಹಾಕಿದೆ. ಎದೆಯ ಹತ್ತಿರ ಬಂದರೆ, ಮೊದಲ ಎರಡು ಬುರುಡೆ ಕೂರಬೇಕಾದ ಕಡೆಯೇ ಬೆಳ್ಳಿ ಕರಡಿಗೆಯಲ್ಲಿ ಲಿಂಗ.

"ಅಜ್ಜಿ, ಇದೊಂದು ಎರಡು ನಿಮಿಷ ತೆಗೆದಿಡ್ತೀರಾ?" ಅಂದೆ.

ಮನೆಯಲ್ಲಿ ಮಿಕ್ಸಿ ನಿಂತಿತು. ಮಗ ನನ್ನ ಭುಜ ಮುಟ್ಟಿ ಪಿಸುಗುಟ್ಟಿದರು, "ಹಂಗೆ ಕೇಳ್ಬಾರ್ದು ಗುರು."

ಅಜ್ಜಿಗೆ ಸಿಟ್ಟೇನೂ ಬರಲಿಲ್ಲ. "ಹುಟ್ಟಿದಾಗ ಕಟ್ಟಿದ್ದು ಕಣಪ್ಪಾ, ಒಂದಿನಾ ಮೈ ಬಿಟ್ಟಿಲ್ಲ. ಕಣ್ಣಿನ ಆಪರೇಷನ್‌ಗೂ ಮುಂಗೈಗೆ ಕಟ್ಕೊಂಡೇ ಹೋಗಿದ್ದೆ. ನಿನಗೆ ಜಾಗ ಬೇಕಲ್ವಾ? ತಗೋ," ಅಂತ ಲಿಂಗವನ್ನ ಬಿಚ್ಚಿ ಎಡಗೈ ಅಂಗೈಗೆ ತೆಗೆದುಕೊಂಡರು. ನಾನು ಬುರುಡೆ ಕೂರಿಸಿ ಬಟನ್ ಒತ್ತೋದರೊಳಗೆ ಅಂಗೈ ನೋಡಿಕೊಂಡು ಅಂದರು, "ಕೈಗೆ ಬಂದ ಮೇಲೆ ಸುಮ್ನೆ ಇಟ್ಕೊಳ್ಳೋಕಾಗುತ್ತೇನು?"

ಮಲಗಿದಲ್ಲೇ ಅಂಗೈಯನ್ನ ಕಣ್ಣಿನ ಮಟ್ಟಕ್ಕೆ ಎತ್ತಿದರು. ಪೂಜೆ ಶುರು. ಎತ್ತಿದ ತೋಳು ಸಣ್ಣಗೆ ನಡುಗುತ್ತೆ. ತೋಳು ನಡುಗಿದರೆ ಕಾಗದದ ಮೇಲೆ ಗೆರೆಯೆಲ್ಲ ಹುಲ್ಲು. ಅದನ್ನೇ ಕಳಿಸಿದೆ. ಮೇಡಂ ಫೋನ್ ತಕ್ಷಣ ಬಂತು.

"ಏನಿದು? ಪೇಷಂಟ್‌ಗೆ ಚಳಿನಾ? ಫಿಟ್ಸಾ?"

"ಇಲ್ಲ ಮೇಡಂ, ಪೂಜೆ."

"ಯಾರು, ನೀನಾ?"

"ಪೇಷಂಟ್ ಮೇಡಂ."

"ಮುಗಿಯೋವರೆಗೂ ಕಾಯಿ. ಕಣ್ಣು ತೆಗೀಬೇಡ ಅವರ ಮೇಲಿಂದ."

ಕಾದೆ. ಅರ್ಧ ಗಂಟೆ. ಅಜ್ಜಿ ಒಮ್ಮೆ ಉಸಿರು ಎಳೆದುಕೊಂಡು ಬಿಡೋದು ತಡವಾದರೆ ನನ್ನದೂ ನಿಂತು ನಿಂತು ಹೋಗುತ್ತಿತ್ತು. ಪೂಜೆ ಮಧ್ಯ ಏನಾದರೂ ಆದರೆ ಅದು ಎಷ್ಟನೇ ಕಂಪ್ಲೇಂಟ್ ಅಂತ ಲೆಕ್ಕಕ್ಕೇ ಸಿಗುವುದಿಲ್ಲ ಅನಿಸಿ ಕಾಲರ್ ಒದ್ದೆಯಾಯಿತು. ಕೊನೆಗೆ ಅವರು ಕೈ ಇಳಿಸಿ ಹೊಟ್ಟೆ ಮೇಲೆ ಇಟ್ಟುಕೊಂಡರು. ಬಟನ್ ಒತ್ತಿದೆ. ರೇಷ್ಮೆ ಸೀರೆ ಅಂಚಿನ ಥರ ಗೆರೆ. "ಇಷ್ಟು ನೀಟಾದ ಇಸಿಜಿ ಈ ತಿಂಗಳು ನೋಡಿಲ್ಲ," ಅಂದರು ಮೇಡಂ.

ಬುರುಡೆ ಕೀಳುತ್ತಿದ್ದಾಗ ಅಜ್ಜಿ ನನ್ನ ಮಣಿಕಟ್ಟು ಹಿಡಿದರು. "ನಾನು ಎದ್ದೇಳ್ತೀನಿ, ನೀನು ಮಲಕ್ಕೋ. ಆಗ್ಲಿಂದ ನೋಡ್ತಿದೀನಿ, ಬೆವರ್ತಿರೋನು ನೀನು."

ಮೇನ್ ಸ್ವಿಚ್ಚು

ಜೆ.ಪಿ. ನಗರದ ಅಪಾರ್ಟ್‌ಮೆಂಟು, ಮೂರನೇ ಫ್ಲೋರು. ಮಲಗಿದ್ದವರು ಒಬ್ಬ ಬ್ಯಾಂಕಿನ ಅಂಕಲ್. ಪಕ್ಕದಲ್ಲಿ ಅವರ ಭಾವಮೈದ, ಯಾವ ಕೆಲಸ ಹೇಳಿದರೂ "ನಾನು ನೋಡ್ಕೋತೀನಿ ಬಿಡಿ" ಅನ್ನುವ ಮನುಷ್ಯ. ಕಾಗದದ ಮೇಲೆ ಗೆರೆ ದಪ್ಪಗೆ, ಬಾಚಣಿಗೆ ಹಲ್ಲಿನ ಥರ ಬರುತ್ತಿತ್ತು. ಮನೆಯ ಕರೆಂಟು ಗುಂಡಿಗೆಯ ಕರೆಂಟಿನ ಜೊತೆ ಸೇರಿಕೊಂಡರೆ ಹಂಗಾಗುತ್ತೆ. ನನ್ನ ಮೆಷಿನ್ ಬ್ಯಾಟರಿಯದ್ದು, ಅದಕ್ಕೆ ಪ್ಲಗ್ಗೇ ಬೇಡ. ಫ್ಯಾನ್ ಆರಿಸಿದೆವು, ಫ್ರಿಜ್ ಆರಿಸಿದೆವು, ಯುಪಿಎಸ್ ಆರಿಸಿದೆವು. ಬಾಚಣಿಗೆ ಹೋಗಲಿಲ್ಲ.

"ಮನೆ ಮೇನ್ ಆಫ್ ಮಾಡಿದ್ರೆ ಹೋಗ್ಬಹುದು," ಅಂದೆ.

"ನಾನು ನೋಡ್ಕೋತೀನಿ ಬಿಡಿ," ಅಂತ ಭಾವಮೈದ ಮೆಟ್ಟಿಲಿಳಿದು ಹೋದ.

ಐದು ನಿಮಿಷಕ್ಕೆ ಗೆರೆ ಸ್ವಚ್ಛವಾಯಿತು. ನಾನು ಖುಷಿಯಿಂದ ಕಾಗದ ಹರಿದುಕೊಳ್ಳುತ್ತಿದ್ದಾಗ ಎಲ್ಲಿಂದಲೋ ತಗಡು ಬಡಿಯುವ ಸದ್ದು. ಆ ಮಹಾನುಭಾವ ಇಡೀ ಬಿಲ್ಡಿಂಗಿನ ಫ್ಯೂಸ್ ಕಿತ್ತಿದ್ದ. ಲಿಫ್ಟು ಎರಡಕ್ಕೂ ಮೂರಕ್ಕೂ ಮಧ್ಯ ನಿಂತಿತ್ತು. ಒಳಗೆ ಅಂಕಲ್ ಹೆಂಡತಿ, ಎಳನೀರು ತರೋಕೆ ಹೋಗಿದ್ದವರು.

"ರೀ! ನಿಮ್ಮ ಎದೆ ಹೆಂಗಿದೆ?" ಲಿಫ್ಟಿನಿಂದ.

"ನನ್ನೆದೆ ಹಾಳಾಗ್ಲಿ, ನಿನಗೆ ಗಾಳಿ ಬರ್ತಿದೆಯೇನೇ?" ಮಂಚದಿಂದ.

ಕಿತ್ತ ಫ್ಯೂಸನ್ನ ಹಾಕೋದು ಭಾವಮೈದನಿಗೆ ಗೊತ್ತಿರಲಿಲ್ಲ. ಎಲೆಕ್ಟ್ರಿಷಿಯನ್ ಬರೋಕೆ ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ನಾನು ಒಂದು ಕಿವಿ ಲಿಫ್ಟಿಗೆ ಕೊಟ್ಟು, ಒಂದು ಕಣ್ಣು ಅಂಕಲ್ ಮುಖದ ಮೇಲೆ ಇಟ್ಟು ಬಾಗಿಲಲ್ಲಿ ನಿಂತಿದ್ದೆ. ಒಂದು ಇಸಿಜಿಗೆ ಅಂತ ಹೋದವನು ಅವತ್ತು ಮೂರು ತೆಗೆದೆ. ಒಂದು ಅಂಕಲ್‌ದು, ಒಂದು ಲಿಫ್ಟಿನಿಂದ ಬಂದ ಆಂಟಿಯದು, ಇನ್ನೊಂದು ಭಾವಮೈದನದು, ಅವನ ಅಕ್ಕ ಅವನನ್ನ ಬೈದು ಮುಗಿಸಿದ ಮೇಲೆ.

ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಲೆಟರ್‌ಹೆಡ್ಡಿನಲ್ಲೇ ಕಂಪ್ಲೇಂಟ್ ಬರೆದು ಕಳಿಸಿತು. ಮೇಡಂ ಎರಡು ಬೆರಳು ಎತ್ತಿದರು.

ತಲೆಕೆಳಗಾದ ಗೆರೆ

ಎರಡು ಆದ ಮೇಲೆ ನನಗೆ ನಿದ್ದೆ ಅರ್ಧವಾಯಿತು. ಬೆಲ್ ಒತ್ತೋ ಮುಂಚೆ ರೋಲು, ಜೆಲ್ಲಿ, ತಂತಿ, ಎಲ್ಲ ಮುಟ್ಟಿ ನೋಡುತ್ತಿದ್ದೆ. ಒಳಗೆ ಹೋದ ಮೇಲೆ ಮೊದಲು ಕೇಳುತ್ತಿದ್ದದ್ದು, "ಲಿಫ್ಟಲ್ಲಿ ಯಾರಾದ್ರೂ ಇದಾರಾ?" ಒಂಟಿ ಮನೆಯಲ್ಲೂ ಕೇಳಿದ್ದೀನಿ.

ಅಂಥ ದಿನಗಳಲ್ಲಿ ಬಿಳೇಕಹಳ್ಳಿಯಿಂದ ಕರೆ ಬಂತು. ಹಳೇ ಊರಿನ ಗೌಡರು. ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಪಿಜಿ ಹಾಸ್ಟೆಲ್. ಅವರಿಗೆ ಹರ್ನಿಯಾ ಆಪರೇಷನ್ ನಿಗದಿಯಾಗಿತ್ತು, ಅದಕ್ಕೆ ಮುಂಚೆ ಇಸಿಜಿ ಬೇಕಿತ್ತು. ಗೌಡರು ಅಂಗಿ ಬಿಚ್ಚಿ ಆರಾಮಾಗಿ ಮಲಗಿದರು. ನಾನು ಬಾಯಲ್ಲಿ ಹೇಳಿಕೊಂಡೇ ಹಾಕಿದೆ: ಕೆಂಪು ಬಲಗೈ, ಹಳದಿ ಎಡಗೈ.

ಕಾಗದ ಬಂತು.

ಇಸಿಜಿಯ ಮೊದಲನೇ ಗೆರೆಯಲ್ಲಿ ಚೂಪು ತುದಿಗಳು ಮೇಲಕ್ಕೆ ನಿಂತಿರಬೇಕು. ಇವರದ್ದು ಕೆಳಕ್ಕೆ ನೇತಾಡುತ್ತಿದ್ದವು. ಹಂಗೆ ಬಂದರೆ ಕೈತಂತಿ ಅದಲುಬದಲಾಗಿದೆ ಅಂತ ಸಿಸ್ಟರ್ ಹೇಳಿದ್ದರು. ಹೊಸಬರು ಮಾಡುವ ಮೊದಲನೇ ತಪ್ಪು ಅದು. ಅದನ್ನ ಕಂಡರೆ ಮೇಡಂಗೆ ಮೈಯೆಲ್ಲ ಉರಿ. ತಂತಿ ನೋಡಿದೆ. ಸರಿಯಾಗೇ ಇತ್ತು. ಎಲ್ಲ ಕಿತ್ತು, ಒರೆಸಿ, ಮತ್ತೆ ಹಾಕಿದೆ. ಮತ್ತೆ ಅದೇ.

"ಏನಯ್ಯಾ, ಮಿಷನ್ ಸರಿಗೈತಾ?" ಅಂದರು ಗೌಡರು.

"ಐತೆ ಗೌಡ್ರೇ, ಒಂದ್ನಿಮಿಷ," ಅಂದೆ. ಇದನ್ನ ಕಳಿಸಿದರೆ ತಂತಿ ಅದಲುಬದಲು ಅಂತಾರೆ, ಮೂರನೇ ಬೆರಳು ಏಳುತ್ತೆ. ಆಮೇಲೆ ಒಂದು ಉಪಾಯ ಹೊಳೆಯಿತು, ಹೊಳೆಯಬಾರದಾಗಿತ್ತು. ಕೆಂಪನ್ನ ಎಡಗೈಗೆ, ಹಳದಿಯನ್ನ ಬಲಗೈಗೆ ಬೇಕಂತಲೇ ತಪ್ಪಾಗಿ ಹಾಕಿ ಬಟನ್ ಒತ್ತಿದೆ. ಮೊದಲನೇ ಗೆರೆ ಎದ್ದು ನೆಟ್ಟಗೆ ನಿಂತಿತು! ಎದೆಯ ಗೆರೆಗಳು ಮುಂದೆ ಮುಂದೆ ಹೋದಂಗೆ ಕುಗ್ಗುತ್ತಿದ್ದವು, ಆದರೆ ಅಷ್ಟನ್ನ ಒಪ್ಪಿಸಬಹುದು ಅನಿಸಿತು. ಫೋಟೋ ತೆಗೆದೆ. ಕಳಿಸೋ ಗುರುತಿನ ಮೇಲೆ ಹೆಬ್ಬೆರಳು ನಿಂತಿತ್ತು.

ಒತ್ತೋಕಾಗಲಿಲ್ಲ. ಆ ಮನುಷ್ಯನನ್ನ ನಾಳೆ ಕತ್ತರಿ ಹಿಡಿದು ಕುಯ್ಯುತ್ತಾರೆ, ನಾನು ಇಲ್ಲಿ ಅವರ ಗುಂಡಿಗೆ ತಿದ್ದುತ್ತಾ ಕೂತಿದ್ದೀನಿ ಅನಿಸಿತು. ಆ ಕಾಗದ ಮುದುರಿ ಜೇಬಿಗೆ ಹಾಕಿ, ತಲೆಕೆಳಗಿದ್ದದ್ದನ್ನೇ ಕಳಿಸಿದೆ.

"ಬಲಗೈಗೆ ಕೆಂಪು ಹಾಕಯ್ಯಾ!" ಮೇಡಂ ಕೂಗಿದ್ದು ಗೌಡರ ಅಡುಗೆಮನೆ ತನಕ ಕೇಳಿತು.

"ಹಾಕಿದೀನಿ ಮೇಡಂ."

"ಯಾರ ಬಲಗೈಗೆ? ನಿಂದಾ, ಅವರದ್ದಾ? ಎದೇದೂ ಸರಿಯಿಲ್ಲ. ಏನೂ ಮುಟ್ಬೇಡ, ನಾನೇ ಬರ್ತೀನಿ. ನಿನ್ನ ಕೈಯಿಂದ ಮೆಷಿನ್ ಇವತ್ತೇ ಇಸ್ಕೋತೀನಿ."

ಬನ್ನೇರುಘಟ್ಟ ರೋಡಿನ ಟ್ರಾಫಿಕ್ಕಿನಲ್ಲಿ ಮೇಡಂ ಬರೋಕೆ ಮುಕ್ಕಾಲು ಗಂಟೆ. ಗೌಡರ ಹೆಂಡತಿ ಕೊಟ್ಟ ಕಾಫಿ ಲೋಟದಲ್ಲೇ ಆರಿಹೋಯಿತು. ಬೇರೆ ಕೆಲಸಗಳನ್ನ ಬಿಡುವಾಗ ಮುಂದಿನ ಬಸ್ಸು ಯಾವುದು ಅಂತ ನೋಡಿಕೊಳ್ಳುತ್ತಿದ್ದೆ. ಅವತ್ತು ಯಾವ ಊರಿನ ಹೆಸರೂ ನೆನಪಾಗಲಿಲ್ಲ.

ಮೇಡಂ ಬಂದವರು ನನ್ನ ಕಡೆ ನೋಡಲೂ ಇಲ್ಲ. ತಾವೇ ತಂತಿ ಹಾಕಿದರು, ತಾವೇ ಬುರುಡೆ ಕೂರಿಸಿದರು, ಬಟನ್ ಒತ್ತಿದರು. ಗೆರೆ ತಲೆಕೆಳಗೆ. ಎರಡು ಕ್ಷಣ ಕಾಗದ ನೋಡಿದರು. ಸ್ಟೆತಸ್ಕೋಪನ್ನ ಎಡಕ್ಕಿಟ್ಟು ಕೇಳಿದರು. ನಿಧಾನಕ್ಕೆ ಬಲಕ್ಕೆ ಸರಿಸಿದರು. ಹುಬ್ಬು ಮೇಲೆ ಹೋಯಿತು. ಬುರುಡೆಗಳನ್ನ ಒಂದೊಂದಾಗಿ ಕಿತ್ತು ಎದೆಯ ಬಲಗಡೆಗೆ ಅಂಟಿಸಿದರು. ಕುಗ್ಗಿದ್ದ ಗೆರೆಗಳೆಲ್ಲ ದಪದಪ ಎದ್ದು ಬಂದವು.

"ಗೌಡ್ರೇ, ನಿಮ್ಮ ಹೃದಯ ಬಲಗಡೆ ಇದೆ!"

"ಅದಾ? ಹೂಂ, ಅದು ಆ ಕಡೀಕೇ ಐತೆ," ಅಂದರು ಗೌಡರು, ಹಿತ್ತಲ ಬಾವಿ ಎಲ್ಲಿದೆ ಅಂತ ಹೇಳುವ ಹಾಗೆ. "ನಮ್ಮಜ್ಜಿ ಸಣ್ಣೋನಿದ್ದಾಗ್ಲೇ ಕಿವಿ ಇಟ್ಟು ಹೇಳಿದ್ಲು."

"ಇವನಿಗೆ ಒಂದು ಮಾತು ಹೇಳ್ಬಾರ್ದಿತ್ತಾ? ಆಪರೇಷನ್ ಮಾಡೋರಿಗೆ ಇದು ಗೊತ್ತಿರ್ಬೇಕು!"

"ಅಷ್ಟು ತಂತಿ ಹಾಕ್ತಾನಲ್ಲಾ ತಾಯಿ, ಅದ್ಕೇ ಗೊತ್ತಾಗ್ತದೆ ಅಂದ್ಕೊಂಡೆ."

ಮೇಡಂ ಮೊದಲನೇ ಸಲ ನನ್ನ ಕಡೆ ತಿರುಗಿದರು. ಯಾವ ಬೆರಳೂ ಎತ್ತಲಿಲ್ಲ. "ನಾಳೆ ಎಂಟಕ್ಕೇ ಬಾ, ಸಿದ್ದಾಪುರದಲ್ಲಿ ಎರಡು ಮನೆ ಇದೆ," ಅಂದರು. ನಾನು ಕೂಡಲೇ ತಂತಿಗಳನ್ನ ಸುತ್ತಿಡತೊಡಗಿದೆ.

ಮೇಡಂಗೆ ಇನ್ನೂ ಸಮಾಧಾನ ಇರಲಿಲ್ಲ. "ಹಿಂದೆ ಯಾವತ್ತೂ ಇಸಿಜಿ ತೆಗೆಸಿಲ್ವಾ ನೀವು?"

"ತೆಗೆಸಿದೀನಲ್ಲ, ಹೋದ ವರ್ಸ. ಬೇರೆ ಕಡೆಯಿಂದ ಒಬ್ಬ ಹುಸಾರಾದೋನು ಬಂದಿದ್ದ. ಇವ್ನಂಗೆ ಒದ್ದಾಡ್ಲಿಲ್ಲ. ಒಂದ್ಸಲ ನೋಡ್ದ, ಆ ಕೈ ತಂತಿ ಈ ಕೈಗೆ ಹಾಕ್ದ, 'ಎಲ್ಲಾ ಸರಿಯಾಗಿದೆ ಸಾರ್' ಅಂತ ಬರ್ಕೊಟ್ಟು ಹೋದ." ಗೌಡರು ಅಂಗಿಗೆ ಗುಂಡಿ ಹಾಕಿಕೊಳ್ಳುತ್ತಾ ಬಲಗಡೆ ಎದೆ ತಟ್ಟಿಕೊಂಡರು. "ನಾನೂ ಸರಿ ಬಿಡು, ವಯಸ್ಸಾಯ್ತಲ್ಲ, ಕೊನೆಗೂ ಬುದ್ಧಿ ಬಂದು ಅದ್ರ ಜಾಗಕ್ಕೆ ಅದು ಹೋಯ್ತು ಅಂದ್ಕೊಂಡಿದ್ದೆ."