ಕಾರೇಹಳ್ಳಿಗೆ ತಗುಲಿದ ಗುಂಡು

ಹಿಟ್ಟಿನ ಗಿರಣಿ ಇಟ್ಟುಕೊಂಡವರ ಮನೆಯಲ್ಲಿ ಯಾವ ಕೆಲಸವೂ ಸದ್ದಿಲ್ಲದೆ ನಡೆಯುವುದಿಲ್ಲ. ಮದುವೆ ಮಾತುಕತೆಯಿಂದ ಹಿಡಿದು ಹಲ್ಲುನೋವಿನ ತನಕ ಎಲ್ಲವನ್ನೂ ಮೋಟಾರಿಗಿಂತ ಮೇಲಿನ ದನಿಯಲ್ಲಿ ಮಾತಾಡಬೇಕು. ಹಾಗಾಗಿ ಬೆಂಗಳೂರಿನ ನಮ್ಮ ಕುರುಬರಹಳ್ಳಿ ಬಡಾವಣೆಗೆಲ್ಲ ಕೇಳುತ್ತದೆ, ಕೇಳಿದವರೆಲ್ಲ ಒಂದೊಂದು ಸಲಹೆ ಕೊಟ್ಟೇ ಹೋಗುತ್ತಾರೆ. ನಮ್ಮೆಜಮಾನರಿಗೆ ಸೈನ್ಯದಿಂದ ಬರಬೇಕಿದ್ದ ಪದಕ ಬಂದದ್ದೂ ಹೀಗೇ, ಗಿರಣಿಗೆ ಬಂದವರ ಕಣ್ಣೆದುರಿಗೆ.

೧. ಲಾಡು ಮೇಜು

ಗಿರಣಿ ನನ್ನದು. ಬೋರ್ಡಿನ ಮೇಲಿರುವ ಹೆಸರೂ ನನ್ನದೇ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ ನಾನು. ಬಸ್ಸಿನ ಬೋರ್ಡು ನೋಡಿ, ಪೊಟ್ಟಣ ಕಟ್ಟಿದ ಪೇಪರು ಬಿಡಿಸಿ ಓದು ಕಲಿತೆ. ಈಗ ಲೈಬ್ರರಿಯಿಂದ ಕಾದಂಬರಿ ತರುತ್ತೇನೆ, ಕಥೆ ಚೆನ್ನಾಗಿಲ್ಲದಿದ್ದರೆ ಅಲ್ಲಿಯವರಿಗೆ ಹೇಳಿಯೂ ಬರುತ್ತೇನೆ. ನಮ್ಮೆಜಮಾನರು ಸೈನ್ಯದಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದು ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದರು ಎಂದು ನಾನು ಹೇಳುತ್ತೇನೆ. ಅವರು ಬೇರೆ ಥರ ಹೇಳುತ್ತಾರೆ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪ್ರತಿವರ್ಷ ಗಣರಾಜ್ಯೋತ್ಸವಕ್ಕೆ ಬಾವುಟ ಹಾರಿಸುತ್ತಾರೆ. ಸುತ್ತಮುತ್ತಲಿನ ನಿವೃತ್ತ ಸೈನಿಕರೆಲ್ಲ ಕೋಟಿಗೆ ಪದಕ ಸಿಕ್ಕಿಸಿಕೊಂಡು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ನಮ್ಮವರು ಮಾತ್ರ ಹಿಂದೆ, ಹೊಂಗೆ ಮರದ ಕೆಳಗೆ, ಲಾಡು ಹಂಚುವ ಮೇಜಿನ ಹತ್ತಿರ. ಸಕ್ಕರೆ ಕಾಯಿಲೆಯವರು ಲಾಡಿನ ಕಡೆ ಯಾಕೆ ಹೋಗುತ್ತಾರೆ ಎಂದು ನನಗೆ ಅನುಮಾನ ಇತ್ತು. ಆ ವರ್ಷ ಕೇಳಿಯೇ ಬಿಟ್ಟೆ.

ಎಪ್ಪತ್ತೊಂದರ ಯುದ್ಧದಲ್ಲಿ ಅವರ ಬಲಭುಜಕ್ಕೆ ಗುಂಡಿನ ಚೂರು ಹೊಕ್ಕಿತ್ತು. ಆ ಭುಜ ನನಗೆ ಗೊತ್ತು, ಚಳಿಗಾಲ ಬಂದರೆ ಎಣ್ಣೆ ಹಚ್ಚುವವಳು ನಾನೇ. ಆದರೆ ಶತ್ರುವಿನಿಂದ ಗಾಯಗೊಂಡವರಿಗೆಂದು ಒಂದು ಪದಕ ಇದೆ, ಅದು ಇವರಿಗೆ ಬರಲೇ ಇಲ್ಲ ಎನ್ನುವುದು ಗೊತ್ತಿರಲಿಲ್ಲ. "ಬೇರೆ ಪದಕ ಎಲ್ರಿಗೂ ಬರತ್ತೆ ಕಣೇ," ಅಂದರು. "ಅದೊಂದಿಲ್ದೆ ಮುಂದೆ ಹೋಗಿ ಕೂತ್ರೆ, ಯುದ್ಧಕ್ಕೆ ನಾನು ಊಟ ಮಾಡೋಕೆ ಹೋಗಿದ್ದೆ ಅನ್ಸತ್ತೆ."

ಅಷ್ಟು ಸಾಕಾಯಿತು ನನಗೆ. ಇವರನ್ನು ಮುಂದಿನ ಸಾಲಿನಲ್ಲಿ ಕೂರಿಸದಿದ್ದರೆ ನನ್ನ ಹೆಸರಿನ ಬೋರ್ಡು ಇಳಿಸುತ್ತೇನೆ ಎಂದು ಗಿರಣಿಯಲ್ಲಿ ಎಲ್ಲರೆದುರು ಹೇಳಿದೆ. ವಿಜಯನಗರದ ಟೈಪಿಂಗ್ ಅಂಗಡಿಯಲ್ಲಿ ಗಂಗಪ್ಪ ಎಂದು ಅವರ ಹೆಸರಿನಲ್ಲಿ ಅರ್ಜಿ ಬರೆಸಿ, ಸೈನ್ಯದ ದಾಖಲೆ ಇಡುವ ಕಚೇರಿಗೆ ಕಳಿಸಿದೆವು. ತಿಂಗಳುಗಟ್ಟಲೆ ಕಾಯಿಸಿ ಉತ್ತರ ಬಂತು, ಇಂಗ್ಲಿಷಿನಲ್ಲಿ. ಗೋಧಿ ತಂದಿದ್ದ ಬ್ಯಾಂಕಿನವರೊಬ್ಬರು ಮೋಟಾರಿನ ಮೇಲೆ ದನಿ ಏರಿಸಿ ಓದಿ ಹೇಳಿದರು. ಅರ್ಜಿಯಲ್ಲಿ ಹೇಳಿದ ದಿನ ಆ ತುಕಡಿಯಲ್ಲಿ ಗಂಗಪ್ಪ ಎಂಬ ಸಿಪಾಯಿಗೆ ಗಾಯವಾದ ದಾಖಲೆ ಇಲ್ಲ. ಗಾಯವಾದದ್ದು ಸಿಪಾಯಿ ಕಾರೇಹಳ್ಳಿಗೆ.

ಕಾರೇಹಳ್ಳಿ ನಮ್ಮೆಜಮಾನರ ಊರು. ಸೈನ್ಯಕ್ಕೆ ಸೇರಿದ ದಿನ ಹೆಸರು ಕೇಳಿದಾಗ ನಮ್ಮ ಕಡೆಯ ರೂಢಿಯಂತೆ ಊರನ್ನು ಮುಂದಿಟ್ಟು ಕಾರೇಹಳ್ಳಿ ಗಂಗಪ್ಪ ಅಂದಿದ್ದರು. ಉತ್ತರದವರಿಗೆ ಮೊದಲು ಬರುವುದೇ ಹೆಸರು. ಸೇವಾ ಪುಸ್ತಕದಲ್ಲಿ ಗಂಗಪ್ಪ ಆದರೂ ತುಕಡಿಗೆಲ್ಲ ಅವರು ಕಾರೇಹಳ್ಳಿಯೇ. ಗಾಯವಾದ ದಿನ ಆಸ್ಪತ್ರೆ ಡೇರೆ ಮುಟ್ಟುವಷ್ಟರಲ್ಲಿ ಅವರಿಗೆ ಎಚ್ಚರ ತಪ್ಪಿತ್ತು, ಹೊತ್ತು ತಂದ ಜೊತೆಗಾರರು ಅದೇ ಹೆಸರು ಬರೆಸಿದ್ದರು, ಆತುರದಲ್ಲಿ ಸೈನ್ಯದ ನಂಬರು ಬಿಟ್ಟುಹೋಗಿತ್ತು.

ನಮ್ಮವರು ಇದನ್ನೆಲ್ಲ ಅಲ್ಲೇ ಬಿಡಿಸಿ ಹೇಳಿದರು. ರಾಗಿ ಡಬ್ಬದ ಮೇಲೆ ಕೂತಿದ್ದ ಅಜ್ಜಿ ಗಾಬರಿಯಿಂದ ಕೇಳಿದರು, "ಅಂದ್ರೆ ಗುಂಡು ಬಿದ್ದಿದ್ದು ನಿಮ್ಮೂರಿಗಾ? ದನಕರುಗಳಿಗೆಲ್ಲ ಏನೂ ಆಗಿಲ್ಲ ತಾನೇ?"

೨. ಸರದಿಯ ಸಾಮಾನು

ನಿವೃತ್ತ ಸೈನಿಕರ ಅಹವಾಲು ಕೇಳುವ ಕಚೇರಿಗೆ ಹೋಗಬೇಕಾಯಿತು. ಮೆಟ್ರೋ ಕಂಬಕ್ಕೆಂದು ವಿಜಯನಗರದ ರಸ್ತೆಯನ್ನೆಲ್ಲ ಅಗೆದಿದ್ದ ಕಾಲ, ಬಸ್ಸು ಊರೆಲ್ಲ ಸುತ್ತಿ ಹೋಗಿ ತಲುಪುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಕಚೇರಿಯ ಮುಂದೆ ಉದ್ದ ಸಾಲು. ವಯಸ್ಸಾದ ಸೈನಿಕರು, ಸೈನಿಕರ ಹೆಂಡತಿಯರು, ಎಲ್ಲರೂ ಕವಾಯತಿಗೆ ನಿಂತ ಹಾಗೆ ನೆಟ್ಟಗೆ ನಿಂತು ಬೇಯುತ್ತಿದ್ದಾರೆ.

ನನಗೆ ಇದು ಅರ್ಥವಾಗುವುದಿಲ್ಲ. ನಮ್ಮ ಗಿರಣಿಯಲ್ಲಿ ಮನುಷ್ಯರು ಸಾಲಿನಲ್ಲಿ ನಿಲ್ಲುವುದಿಲ್ಲ, ಡಬ್ಬಗಳು ನಿಲ್ಲುತ್ತವೆ. ಡಬ್ಬ ಇಟ್ಟವರು ತರಕಾರಿ ತಂದು, ಮಗುವನ್ನು ಶಾಲೆಯಿಂದ ಕರೆದು, ಬೇಕಾದರೆ ನಿದ್ದೆ ಮಾಡಿ ಬರುತ್ತಾರೆ. ಡಬ್ಬದ ಸರದಿ ತಪ್ಪಿಸಿದವರನ್ನು ಯಾರೂ ಕ್ಷಮಿಸುವುದಿಲ್ಲ. ನಾನು ನಮ್ಮ ಊಟದ ಕ್ಯಾರಿಯರನ್ನು ಸಾಲಿನಲ್ಲಿಟ್ಟು, ನಮ್ಮವರನ್ನು ಎಳೆದುಕೊಂಡು ಹೋಗಿ ಮರದ ನೆರಳಲ್ಲಿ ಕೂತೆ.

ಹಿಂದಿದ್ದ ಹೆಂಗಸು ಏನಮ್ಮ ಇದು ಅಂದಳು. ವಿವರಿಸಿದೆ. ಅವಳು ಬ್ಯಾಗು ಇಟ್ಟು ಬಂದಳು. ಅವಳ ಹಿಂದಿದ್ದ ಸುಬೇದಾರರು ಕೊಡೆ ಇಟ್ಟರು. ಆಮೇಲೆ ಟೋಪಿ, ನೀರಿನ ಬಾಟಲಿ, ಊರುಗೋಲು. ಸ್ವಲ್ಪ ಹೊತ್ತಿಗೆ ನೆರಳಲ್ಲಿ ಒಂದು ಪಡೆಯೇ ಕಡಲೆಕಾಯಿ ತಿನ್ನುತ್ತಾ ಕೂತಿತ್ತು, ಬಾಗಿಲ ಮುಂದೆ ಸಾಮಾನು ಶಿಸ್ತಾಗಿ ನಿಂತಿತ್ತು.

ಊಟ ಮುಗಿಸಿ ಬಂದ ಅಧಿಕಾರಿ ನೋಡಿದರು. ಯಾರೋ ಮರೆತು ಹೋಗಿದ್ದಾರೆ ಎಂದುಕೊಂಡು ಜವಾನನಿಗೆ ಹೇಳಿ ಎಲ್ಲವನ್ನೂ ಒಳಗೆ ರಾಶಿ ಹಾಕಿಸಿದರು. ಯುದ್ಧ ಕಂಡ ಮುದುಕರೆಲ್ಲ ಕೂಗುತ್ತಾ ನುಗ್ಗಿದರು. ಕೊಡೆಗಿಂತ ಟೋಪಿ ಮುಂದೆ ಎಂದು ಒಬ್ಬರು, ಊರುಗೋಲು ಎಲ್ಲಕ್ಕಿಂತ ಮೊದಲು ಬಂದಿತ್ತು ಎಂದು ಇನ್ನೊಬ್ಬರು. ಕೊನೆಗೆ ನಾನೇ ಒಳಗೆ ಹೋಗಿ ಯಾವುದರ ಹಿಂದೆ ಯಾವುದು ಎಂದು ಜೋಡಿಸಿಕೊಟ್ಟೆ. ಅಧಿಕಾರಿ ಬೇರೆ ದಾರಿಯಿಲ್ಲದೆ ಕರೆಯತೊಡಗಿದರು, "ಕ್ಯಾರಿಯರ್ ಯಾರು, ಬನ್ನಿ."

ಪುಣ್ಯಾತ್ಮ ಒಳ್ಳೆಯವರೇ. ದಾಖಲೆ ತಿದ್ದಿಸಬೇಕಾದರೆ ಗಂಗಪ್ಪನೂ ಕಾರೇಹಳ್ಳಿಯೂ ಒಬ್ಬನೇ ಎಂದು ಪ್ರಮಾಣಪತ್ರ ಬೇಕು, ಗಾಯವಾದದ್ದನ್ನು ಕಂಡ ಒಬ್ಬ ಸಾಕ್ಷಿ ಬೇಕು ಎಂದು ತಿಳಿಸಿ ಹೇಳಿದರು.

ಮುಂದಿನ ಸಲ ಹೋದಾಗ ಗೋಡೆಯ ಮೇಲೆ ಹೊಸ ಬೋರ್ಡು ಇತ್ತು: ಸರದಿಯಲ್ಲಿ ಮನುಷ್ಯರೇ ನಿಲ್ಲತಕ್ಕದ್ದು. ಸರ್ಕಾರದವರು ನನಗೋಸ್ಕರ ಬರೆಸಿದ ಬೋರ್ಡು ಅದೊಂದೇ. ನಿಂತು ಪೂರ್ತಿ ಓದಿದೆ.

೩. ಇಬ್ಬರೂ ಬನ್ನಿ

ಪ್ರಮಾಣಪತ್ರಕ್ಕೆ ರಾಜಾಜಿನಗರದ ನೋಟರಿ ಒಬ್ಬರ ಹತ್ತಿರ ಹೋದೆವು. ತಲೆ ಎತ್ತದೆ ಮುದ್ರೆ ಒತ್ತುವುದರಲ್ಲಿ ಪಳಗಿದವರು. ಕಾಗದ ಓದಿ, ಇದರಲ್ಲಿ ಇಬ್ಬರ ಹೆಸರಿದೆ, ಇಬ್ಬರೂ ಬಂದು ನನ್ನೆದುರಿಗೆ ಸಹಿ ಹಾಕಬೇಕು ಅಂದರು. ಇಬ್ಬರೂ ಇವರೇ ಎಂದೆ. ಓರೆಗಣ್ಣಲ್ಲಿ ನಮ್ಮವರನ್ನು ನೋಡಿ, ಹಾಗೆಲ್ಲ ಆಗಲ್ಲಮ್ಮ, ಗಂಗಪ್ಪ ಬಂದಿದ್ದಾರೆ ಸರಿ, ಕಾರೇಹಳ್ಳಿಯವರನ್ನು ಕರ್ಕೊಂಡು ಬನ್ನಿ ಅಂದರು. ಅವರ ಪೆನ್ನು ಆಗಲೇ ಮುಂದಿನವರ ಬಾಡಿಗೆ ಕರಾರಿನ ಮೇಲಿತ್ತು.

ವಾದ ಮಾಡುವುದು ನನಗೆ ಬರುತ್ತದೆ. ಆದರೆ ಹೊರಗೆ ಕಾಯುತ್ತಿದ್ದ ಆಟೋದವನು ಹಾರ್ನು ಹೊಡೆಯುತ್ತಿದ್ದ. ನಮ್ಮವರ ಕಿವಿಯಲ್ಲಿ ಹೇಳಿದೆ, ಹೊರಗೆ ಹೋಗಿ ಮತ್ತೆ ಬನ್ನಿ ಅಂತ. ಸೈನ್ಯದಲ್ಲಿದ್ದವರ ಗುಣ ಅದು, ಯಾಕೆ ಎಂದು ಕೇಳುವುದಿಲ್ಲ. ಹೊರಗೆ ಹೋದರು, ಮಫ್ಲರ್ ತೆಗೆದು ಜೇಬಿಗಿಟ್ಟರು, ಬಾಗಿಲು ತಟ್ಟಿ ಒಳಗೆ ಬಂದು ನೆಟ್ಟಗೆ ನಿಂತರು.

ನೋಟರಿ ಆಗ ತಲೆ ಎತ್ತಿದರು. ಪೆನ್ನು ಕೆಳಗಿಟ್ಟರು.

"ಇವರು ಆಗ್ಲೇ ಬಂದಿದ್ರಲ್ಲಮ್ಮ. ಅದೇ ಮನುಷ್ಯ."

"ಅದನ್ನೇ ಬರೆದು ಮುದ್ರೆ ಹಾಕಿ ಸಾರ್," ಅಂದೆ.

೪. ಸಾಕ್ಷಿಯ ಅನುಮಾನ

ಸಾಕ್ಷಿ ಸಿಗುವುದು ಕಷ್ಟ ಎಂದುಕೊಂಡಿದ್ದೆ. ಸಿಕ್ಕಿದ್ದು ಕೆಂಗೇರಿಯಲ್ಲಿ. ನಮ್ಮ ಬಡಾವಣೆಯ ನಿವೃತ್ತ ಸೈನಿಕರ ಸಂಘದ ಅಧ್ಯಕ್ಷರು ಎಲ್ಲಿಯೋ ವಿಚಾರಿಸಿ ತಂದ ಸುದ್ದಿ. ವೆಲ್ಲೂರಿನ ಕಡೆಯ ಒಬ್ಬ ನಾಯಕ್, ಅಂದರೆ ಹವಾಲ್ದಾರರಿಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆಯಲ್ಲಿದ್ದವರು, ಇವರದೇ ತುಕಡಿಯವರು, ಮಗಳ ಮನೆಯಲ್ಲಿದ್ದಾರೆ, ಸಂಘದವರು ಯಾರೇ ಸಿಕ್ಕಿದರೂ ಕಾರೇಹಳ್ಳಿ ಅನ್ನೋರು ಗೊತ್ತಾ ಎಂದು ಕೇಳುತ್ತಾರಂತೆ. ಅವರು ಮೈಸೂರು ರಸ್ತೆಯ ಆ ಕಡೆ, ನಾವು ಈ ಕಡೆ, ಇಷ್ಟು ವರ್ಷ.

ಬಾಗಿಲಲ್ಲೇ ಇಬ್ಬರೂ ತಬ್ಬಿಕೊಂಡು ಅತ್ತರು. ಗುಂಡಿನ ಚೂರು ಹೊಕ್ಕಾಗ ನಮ್ಮವರನ್ನು ಬೆನ್ನ ಮೇಲೆ ಹೊತ್ತು ತಂದವರು ಈ ನಾಯಕ್ ಅವರೇ ಎಂದು ಆಗ ಗೊತ್ತಾಯಿತು. ನನ್ನ ಸಂತೋಷಕ್ಕೆ ಮಿತಿ ಇರಲಿಲ್ಲ. ಕಾಫಿ ಆದ ಮೇಲೆ ಸಹಿಗೆಂದು ಕಾಗದ ಕೊಟ್ಟೆ. ಕನ್ನಡಕ ಹಾಕಿ ಓದಿದರು. ಕನ್ನಡಕ ತೆಗೆದರು. ಕುರ್ಚಿ ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು.

"ಗಂಗಪ್ಪ ಯಾರು?"

ಇವರೇ ಎಂದೆ. ನಾನು ಹೊತ್ತಿದ್ದು ಕಾರೇಹಳ್ಳೀನ, ಗಂಗಪ್ಪ ಅನ್ನೋರನ್ನ ನಾನು ಯಾವತ್ತೂ ಹೊತ್ತಿಲ್ಲ, ಸೈನ್ಯಕ್ಕೆ ಸುಳ್ಳು ಸಹಿ ಹಾಕಲ್ಲಮ್ಮ ಅಂದರು. ಈಗ ತಾನೇ ತಬ್ಬಿಕೊಂಡು ಅತ್ತಿರಲ್ಲ ಎಂದರೆ, ಅದು ಕಾರೇಹಳ್ಳಿ ಅಂದುಕೊಂಡು ಅತ್ತಿದ್ದು ಅಂದರು. ನಮ್ಮವರನ್ನೇ ಪಕ್ಕಕ್ಕೆ ತಿರುಗಿಸಿ ನೋಡಿದರು. ಆಗ ಮೀಸೆ ಇತ್ತು, ಈಗಿಲ್ಲ. ಆಗ ಹೊಟ್ಟೆ ಇರಲಿಲ್ಲ, ಈಗ ಇದೆ. ಅನುಮಾನ ಜಾಸ್ತಿಯಾಯಿತು.

ಇಡೀ ಬೆಂಗಳೂರಿನಲ್ಲಿ ಇದ್ದ ಒಬ್ಬನೇ ಸಾಕ್ಷಿ. ಅವರು ಸಹಿ ಹಾಕದಿದ್ದರೆ ನಮ್ಮವರು ಆಯುಷ್ಯ ಪೂರ್ತಿ ಲಾಡು ಮೇಜಿನ ಪಕ್ಕವೇ ಕೂರಬೇಕು. ಊರ ಹೆಸರಿನ ಕಥೆಯನ್ನೆಲ್ಲ ಬಿಡಿಸಿ ಹೇಳಿದೆ, ನೋಟರಿ ಮುದ್ರೆ ತೋರಿಸಿದೆ. ಬಗ್ಗಲಿಲ್ಲ. ನನ್ನಷ್ಟು ಹಟಮಾರಿಯನ್ನು ನಾನು ನೋಡಿದ್ದು ಅದೇ ಮೊದಲು, ಒಳಗೊಳಗೆ ಗೌರವವೂ ಬಂತು.

ಕೊನೆಗೆ ಅವರೇ ಎದ್ದು ನಿಂತು ಪಂಚೆ ಎತ್ತಿ ಕಟ್ಟಿದರು. ಒಂದು ಸಲ ಹೊತ್ತು ನೋಡ್ತೀನಿ, ಬೆನ್ನಿಗೆ ಗೊತ್ತಾಗತ್ತೆ ಅಂದರು. ಮಗಳು ಬೇಡಪ್ಪ ಬೇಡಪ್ಪ ಅನ್ನುತ್ತಿದ್ದಂತೆಯೇ ಬಗ್ಗಿದರು. ನಮ್ಮವರು ಬೆನ್ನಿಗೆ ಒರಗಿದರು. ಸೋಫಾದ ಪಕ್ಕ ಇಬ್ಬರೂ ತೂರಾಡಿದರು. ಮೇಲಿದ್ದವರು ಮೆಲ್ಲಗೆ ಕಣೋ, ಭುಜ ಹಿಡೀಬೇಡ, ನಿಂಗೆ ಹೊರೋಕೂ ಬರಲ್ವಲ್ಲ ಎಂದು ಒಂದೇ ಸಮನೆ ಬೈಯತೊಡಗಿದರು. ಇಬ್ಬರೂ ಸೋಫಾದ ಮೇಲೆ ಕುಸಿದರು.

ನಾಯಕ್ ಅವರ ಮುಖ ಅರಳಿತು. ಏದುಸಿರು ಬಿಡುತ್ತಲೇ ಪೆನ್ನು ಕೇಳಿದರು.

"ಇವನೇ," ಅಂದರು. "ಆವತ್ತೂ ದಾರಿಯುದ್ದಕ್ಕೂ ನನ್ನನ್ನೇ ಬೈದ."

೫. ಸೈನ್ಯದ ಕಣ್ಣೀರು

ಕಾಗದಗಳೆಲ್ಲ ಹೋದವು. ದಾಖಲೆ ತಿದ್ದಿದ್ದೇವೆ, ಪದಕ ಮಂಜೂರಾಗಿದೆ ಎಂದು ಉತ್ತರ ಬಂದ ದಿನ ಬಂದವರಿಗೆಲ್ಲ ಕಡಲೆಹಿಟ್ಟು ಪುಕ್ಕಟೆ ಬೀಸಿಕೊಟ್ಟೆ. ಪದಕ ಅಂಚೆಯಲ್ಲಿ ಬರುತ್ತದೆ ಎಂದುಕೊಂಡಿದ್ದೆವು. ಆದರೆ ಯುದ್ಧದ ಪದಕ ಅಂಚೆಯಲ್ಲಿ ಹೋಗಬಾರದು, ನಾನೇ ಹೋಗಿ ಕೊಡುತ್ತೇನೆ ಎಂದು ಬೆಂಗಳೂರಿನಲ್ಲಿದ್ದ ಒಬ್ಬ ತರುಣ ಅಧಿಕಾರಿ ಹೊರಟರಂತೆ. ಉತ್ತರದ ಕಡೆಯವರು. ಮುಂಚೆ ತಿಳಿಸಿದರೆ ನಾವು ಖರ್ಚು ಮಾಡಿ ಸಡಗರ ಮಾಡುತ್ತೇವೆ ಎಂದು ಹೇಳದೇ ಬಂದರು.

ಅವರು ಬಂದದ್ದು ಮೆಣಸಿನಕಾಯಿ ದಿನ.

ಗಿರಣಿ ಬಲ್ಲವರಿಗೆ ಇದು ಗೊತ್ತು. ಬೇಸಿಗೆಯಲ್ಲಿ ಎಲ್ಲರೂ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ಒಣಗಿಸಿ ತರುತ್ತಾರೆ, ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬೇರೆ ಹಿಟ್ಟಿಗೆ ಖಾರ ತಗುಲಬಾರದೆಂದು ಅದಕ್ಕೊಂದು ದಿನ ಗೊತ್ತು ಮಾಡಿರುತ್ತೇವೆ. ಅವತ್ತು ಬೀದಿನಾಯಿಯೂ ನಮ್ಮ ರಸ್ತೆಗೆ ಬರುವುದಿಲ್ಲ. ಹೆಂಗಸರು ಸೆರಗನ್ನು ಮೂಗಿಗೆ ಕಟ್ಟಿಕೊಂಡು ಸಾಲು ಕೂತಿದ್ದರು. ಮೋಟಾರು ಓಡುತ್ತಿತ್ತು. ಒಳಗೆ ಕೆಂಪು ಮಂಜು.

ಇಸ್ತ್ರಿ ಮಾಡಿದ ಸಮವಸ್ತ್ರದಲ್ಲಿ ಅಧಿಕಾರಿ ಒಳಗೆ ಕಾಲಿಟ್ಟರು. ಎರಡೂ ಕಣ್ಣಲ್ಲಿ ನೀರು ಇಳಿಯಿತು. ಆದರೂ ಹಿಂದೆ ಸರಿಯಲಿಲ್ಲ, ಎಷ್ಟಾದರೂ ಸೈನಿಕ. ನಾನು ಮೋಟಾರು ನಿಲ್ಲಿಸಿದೆ. ನಮ್ಮವರು ತಲೆಯಿಂದ ಕಾಲಿನವರೆಗೆ ಕೆಂಪು ಪುಡಿ ಮೆತ್ತಿಕೊಂಡೇ ಬಂದು ನೆಟ್ಟಗೆ ನಿಂತರು. ಅಧಿಕಾರಿ ಕಾಗದ ಓದಿದರು, ಎರಡು ಪದಕ್ಕೊಮ್ಮೆ ಬಿಕ್ಕಿದರು. ಸಿಪಾಯಿ ಕಾರೇಹಳ್ಳಿ ಗಂಗಪ್ಪ ಎಂದು ಪೂರಾ ಹೆಸರು ಹೇಳುವಾಗ ಗಂಟಲು ಪೂರ್ತಿ ಕಟ್ಟಿತು. ಬನಿಯನ್ನಿಗೆ ಪದಕ ಸಿಕ್ಕಿಸಿದರು. ನಮ್ಮವರು ನೋಯುವ ಭುಜವನ್ನು ಮೇಲೆತ್ತಿ ಸೆಲ್ಯೂಟ್ ಹೊಡೆದರು. ಅಧಿಕಾರಿ ತಿರುಗಿ ಸೆಲ್ಯೂಟ್ ಹೊಡೆಯುತ್ತಾ ಸೀನಿದರು.

ಸಾಲಿನಲ್ಲಿದ್ದವರೆಲ್ಲ ಅಳುತ್ತಿದ್ದರು. ಪಾಪ, ಯಾರ ಹೆತ್ತ ಮಗನೋ, ಹೇಗೆ ಅಳ್ತಾನೆ ನೋಡು ಎಂದು ಒಬ್ಬರು ನೀರು ತಂದುಕೊಟ್ಟರು. ಅದೇ ಹೊತ್ತಿಗೆ ಬಾಗಿಲಿಗೆ ಬಂದ ಸಂಘದ ಅಧ್ಯಕ್ಷರು ಈ ದೃಶ್ಯ ನೋಡಿ ತಾವೂ ಅತ್ತರು. ವರ್ಷಗಟ್ಟಲೆ ಆ ಘಾಟಿನಲ್ಲೇ ಇದ್ದು ಒಂದು ಹನಿಯೂ ಬಾರದ ಕಣ್ಣು ನನ್ನದು. ಅವತ್ತು ಬಂತು. ಯಾರೂ ಗಮನಿಸಲಿಲ್ಲ, ಒಳ್ಳೆಯದೇ ಆಯಿತು.

ಮುಂದಿನ ಗಣರಾಜ್ಯೋತ್ಸವಕ್ಕೆ ನಮ್ಮವರು ಕೋಟು ಹಾಕಿ, ಎಲ್ಲ ಪದಕಗಳನ್ನೂ ಸಿಕ್ಕಿಸಿಕೊಂಡು ಮುಂದಿನ ಸಾಲಿನ ನಟ್ಟನಡುವೆ ಕೂತರು. ನಾನು ಅವರ ಹಿಂದಿನ ಕುರ್ಚಿ ಹಿಡಿದೆ. ಅಧ್ಯಕ್ಷರು ಮೈಕು ಹಿಡಿದು, ನನ್ನ ಜೀವನದಲ್ಲಿ ಇಂಥ ದೃಶ್ಯ ನೋಡಿಲ್ಲ, ನಮ್ಮ ಗಂಗಪ್ಪನವರಿಗೆ ಪದಕ ತೊಡಿಸುವಾಗ ಭಾರತೀಯ ಸೈನ್ಯದ ಅಧಿಕಾರಿ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತರು ಎಂದರು. ಇಡೀ ಪಾರ್ಕು ಎದ್ದು ನಿಂತು ಚಪ್ಪಾಳೆ ತಟ್ಟಿತು.

ನಮ್ಮವರಿಗೆ ಸಂಕಟ ಶುರುವಾಯಿತು. ಸುಳ್ಳು ಸಹಿಸುವವರಲ್ಲ ಅವರು. ತಲೆ ಹಿಂದಕ್ಕೆ ವಾಲಿಸಿ ಪಿಸುಗುಟ್ಟಿದರು, "ಎದ್ದು ನಿಜ ಹೇಳಿಬಿಡ್ಲೇನೇ? ಅದೆಲ್ಲ ಬ್ಯಾಡಗಿ ಮೆಣಸಿನಕಾಯಿ ಘಾಟು ಅಂತ?"

"ಹೇಳೋದಾದ್ರೆ ನೆಟ್ಟಗೆ ಹೇಳಿ," ಅಂದೆ. "ಬ್ಯಾಡಗಿಗೆಲ್ಲ ಸೈನ್ಯ ಅಳತ್ತಾ? ಅದು ಗುಂಟೂರು."