ಹೇರಂಬಯ್ಯನ ಪವರ್ ಮಾಡ್ಯೂಲ್ ವಿಜಯ

ಎಲೈ ಧಾರಾವಾಹಿಯುಗವೇ, ರಿಮೋಟ್‌ಪಾಣಿಗಳೂ ಸೋಫಾಸಿಂಹಾಸನಾರೂಢರೂ ಆದ ಮಾನವರಿಂದ ಕಿಕ್ಕಿರಿದ ಕಾಲವೇ, ಕಿವಿಗೊಡು! ತಂತೀಜಾಲಗಹನಸಂಚಾರಿ, ಸ್ಕ್ರೂಡ್ರೈವರ್‌ಧನುರ್ಧರ, ಸ್ವಪ್ರಶಂಸಾಸಾಗರನಾದ ಹೇರಂಬಯ್ಯನು ಊರ ಕೇಬಲ್ ಟೀವಿಯ ಕಂಟ್ರೋಲ್ ರೂಮಿನಲ್ಲಿ ಮೆರೆದ ಪರಿಯಿದು.

ಮನೆಮನೆಗೂ ಚಿತ್ರ ಹರಿಸುವ ಮಹಾಯಂತ್ರದ ಒಡಲಲ್ಲಿ ಎರಡು ಪವರ್ ಮಾಡ್ಯೂಲುಗಳು. ಒಂದು ಸತ್ತರೆ ಇನ್ನೊಂದು ಭಾರ ಹೊರುತ್ತದೆ. ಯಂತ್ರ ನಿಲ್ಲಿಸದೆಯೇ ಸತ್ತದ್ದನ್ನು ಕಿತ್ತು ಹೊಸದನ್ನು ತೂರಿಸಬಹುದು. ಬದುಕಿದ್ದರೆ ಹಸಿರು ದೀಪ, ಸತ್ತರೆ ಕೆಂಪು. ಇಷ್ಟೇ ಶಾಸ್ತ್ರ. ಅಂದು ನಸುಕಿನಲ್ಲಿ ಒಂದು ಸತ್ತು ಅಲಾರಂ ಹೊಡೆದುಕೊಂಡಿತ್ತು.

ಮಾಲೀಕ ಗೋಣೆಪ್ಪನವರು ಬೆಳಿಗ್ಗೆಯೇ ಪಣವೊಡ್ಡಿದ್ದರು: "ಮನೇಲಿ ಟೀವಿ ಮುಂದೇ ಕೂತಿರ್ತೀನಿ. ಪಿಕ್ಚರ್ ನಿಲ್ಲದ ಹಂಗೆ ಬದಲಾಯಿಸಿದ್ರೆ ಹೆಡ್ ಆಪರೇಟರ್ ಪಟ್ಟ ನಿಂದು, ಆ ತಿರುಗೋ ಕುರ್ಚಿನೂ ನಿಂದೇ. ನಿಂತ್ರೆ ಎರಡೂ ವಾರಿಜಂಗೆ."

ಅಹಾ, ಆ ಕುರ್ಚಿ! ಮೈಮೇಲಿನ ಪ್ಲಾಸ್ಟಿಕ್ ಕವರನ್ನೂ ಕಳಚದ ನವವಧು! ಬೆನ್ನಿಲ್ಲದ ಸ್ಟೂಲಿನ ಮೇಲೆ ಯೌವನವನ್ನೆಲ್ಲ ಸವೆಸಿದ ಹೇರಂಬಯ್ಯನ ಸೊಂಟವು ಅದನ್ನು ಕನಸಿನಲ್ಲೂ ಕನವರಿಸುತ್ತಿತ್ತು.

"ಎಲೌ ವಾರಿಜೆ!" ಎಂದು ಸಂಜೆ ಗರ್ಜಿಸಿದನು. "ಓಡುವ ಕುದುರೆಗೆ ಓಡುತ್ತಿರುವಾಗಲೇ ಲಾಳ ಕಟ್ಟಬಲ್ಲ ಭುಜವಿದು! ಧಾರಾವಾಹಿಯ ಸೊಸೆಯ ಕಣ್ಣೀರು ಕಣ್ಣಿನಿಂದ ಕೆನ್ನೆಗಿಳಿಯುವ ಮೊದಲೇ ಕಾರ್ಯ ಮುಗಿದಿರುತ್ತದೆ!"

ಜೊತೆ ಆಪರೇಟರ್ ವಾರಿಜಾ ಕಡಲೆಕಾಯಿ ಬಿಡಿಸುತ್ತಿದ್ದಳು. "ಭುಜ ಆಮೇಲೆ ತೋರ್ಸು, ಹೇರಂಬಣ್ಣ. ಮೊದ್ಲು ಆ ಪೂಜೆ ಗಲೀಜು ಒರೆಸು."

"ಆಯುಧಪೂಜೆಯ ಕುಂಕುಮವನ್ನು ಒರೆಸುವುದೆ? ಛೀ!"

ಕುಂಕುಮವಿಟ್ಟದ್ದು ಅವನೇ. ದೀಪಗಳೇ ಯಂತ್ರದ ಕಣ್ಣುಗಳೆಂದು ಬಗೆದ ಆ ಭಕ್ತಶಿರೋಮಣಿ, ಒಂದು ಮಾಡ್ಯೂಲಿನ ದೀಪದ ಮೇಲೆಯೇ ಒದ್ದೆ ಕುಂಕುಮ ಒತ್ತಿದ್ದ. ಇನ್ನೊಂದರ ದೀಪದ ಮುಂದೆ ಚೆಂಡುಹೂವು ಸಿಕ್ಕಿಸಿದ್ದ.

ಹೊರಗೆ, ತಾನಾಗಿಯೇ ಚಾಲೂ ಆಗುವ ಜನರೇಟರು ರಣಭೇರಿಯಂತೆ ಡಬಡಬ ಬಡಿಯತೊಡಗಿತು. ಹೇರಂಬಯ್ಯನ ಕಿವಿಗೆ ಅದು ಜಯಘೋಷ. ಎದುರಿಗೆ ಕೆಂಪಗೆ ಕಂಡ ಕಣ್ಣೊಂದನ್ನು ದಿಟ್ಟಿಸಿ, "ಸತ್ತವನು ಇವನೇ!" ಎಂದು ಹೂಂಕರಿಸಿ, ಹಿಡಿ ಹಿಡಿದು ಎಳೆದೇಬಿಟ್ಟನು.

ಫ್ಯಾನುಗಳ ಗುಂಯ್‌ಗುಟ್ಟುವಿಕೆ ನಿಂತಿತು. ಗೋಡೆಯ ಪರದೆಗಳೆಲ್ಲ ಕಪ್ಪಾದವು.

"ಕುರ್ಚಿ ಹೋಯ್ತು" ಎಂದು ಹೇರಂಬಯ್ಯ ಮೆಲ್ಲಗೆ ಅಂದ. ಕಿತ್ತದ್ದನ್ನು ಮತ್ತೆ ತುರುಕಿದ. ಹೆಬ್ಬೆರಳು ಒರೆಸಿದ ಕುಂಕುಮದ ಕೆಳಗೆ ಹಸಿರು ದೀಪ ಮಿನುಗಿತು. ಒಣಗಿದ ಚೆಂಡುಹೂವು ತಾನೇ ಉದುರಿ, ಹಿಂದಿನ ಕೆಂಪು ದೀಪ ಅವನನ್ನು ನೋಡಿ ಹಲ್ಲುಕಿರಿಯಿತು. ಅದನ್ನೂ ಕಿತ್ತು, ಹೊಸದನ್ನು ಕೂರಿಸಿ, ಯಂತ್ರ ಕಣ್ಣುಬಿಡುವವರೆಗೆ ಕೈಮುಗಿದು ನಿಂತ.

ಫೋನು ಬಡಿದುಕೊಂಡಿತು. ಗೋಣೆಪ್ಪನವರು.

"ಹೇರಂಬ, ಇನ್ನೂ ಕೈ ಹಾಕಿಲ್ಲ ತಾನೆ? ಇಡೀ ಊರಿಗೇ ಕರೆಂಟಿಲ್ಲ ಕಣೋ, ಯಾರ ಮನೇಲೂ ಟೀವಿ ಇಲ್ಲ. ಆರಾಮಾಗಿ ಮೆಷಿನ್ ಆಫ್ ಮಾಡ್ಕೊಂಡೇ ಬದಲಾಯ್ಸು."

ವೀರನು ಎದೆ ಸೆಟೆಸಿದನು. "ಆಗ್ಲೇ ಮುಗೀತು ಸಾರ್. ಒಬ್ಬರ ಮನೇಲೂ ಪಿಕ್ಚರ್ ನಿಲ್ಲಲಿಲ್ಲ!"

"ಭೇಷ್! ಕೂತ್ಕೊ ಹೋಗು."

ಫೋನಿಟ್ಟು ವಾರಿಜಳತ್ತ ಕಳ್ಳನೋಟ ಬೀರಿದ. "ಸಾರ್‌ಗೆ ಹೇಳ್ತೀಯಾ?"

"ನಂಗ್ಯಾಕೆ ಬೇಕಣ್ಣ? ಪಟ್ಟ ಅಂದ್ರೆ ಭಾನುವಾರವೂ ಡ್ಯೂಟಿ. ಆ ಕುರ್ಚಿ ತಿರುಗೋದೂ ಇಲ್ಲ. ಬಂದ ದಿನವೇ ಕೂತು ನೋಡಿದೀನಿ."

ಹೇರಂಬಯ್ಯ ನಂಬಲಿಲ್ಲ. ಗಂಭೀರವಾಗಿ ಆಸೀನನಾಗಿ, ಕಾಲಿನಿಂದ ನೆಲವನ್ನೊದ್ದ. ಕುರ್ಚಿ ಕಿರ್ರೆಂದಿತು, ಅಲುಗಲಿಲ್ಲ. ಸ್ಕ್ರೂಡ್ರೈವರ್‌ಧನುರ್ಧರನು ಸಿಂಹಾಸನದಿಂದಿಳಿದು, ಮಂಡಿಯೂರಿ, ಅದರಡಿಗೆ ತಲೆ ತೂರಿಸಿದನು.

ವಾರಿಜಾ ಸ್ಟೂಲನ್ನು ತನ್ನತ್ತ ಎಳೆದುಕೊಂಡು ಕೂತಳು.